ಕೈ ನಾಗವ್ವಂದು

ನನ್ನ ಹೆಸರು ನಾಗವ್ವ ಈರಬಸಪ್ಪ ಮುಗಳಿ. ಇಷ್ಟನ್ನು ಹೀಗೆ ನೆಟ್ಟಗೆ ಬರೆಯಲು ನನಗೆ ಮೂವತ್ತಾರು ವರ್ಷ ಹಿಡಿಯಿತು. ಚಿಂಚವಾಡದ ಮರಾಠಿ ಶಾಲೆಯಲ್ಲಿ ಹಾಜರಿ ಕೂಗುವಾಗ ಹಿಂದಿನ ಬೆಂಚಿನವರು ಅಂಗೈಯನ್ನು ಹೆಡೆ ಮಾಡಿ ಆಡಿಸುತ್ತಿದ್ದರು. ಮನೆಗೆ ಬಂದು ಅಪ್ಪನ ಜೊತೆ ಜಗಳ ತೆಗೆಯುತ್ತಿದ್ದೆ. "ಹೆಣ್ಣು ಹುಟ್ಟಿದ್ರ ಆ ಹೆಸರು ಇಡಬೇಕಂತ ನಮ್ಮಜ್ಜ ಹೇಳಿದ್ದ. ಯಾಕಂತ ಹೇಳಿರಲಿಲ್ಲ" ಎನ್ನುತ್ತಿದ್ದರು ಅಪ್ಪ. ಕಾರಣ ಗೊತ್ತಿಲ್ಲದ ಹೆಸರನ್ನು ನನ್ನ ಕೊರಳಿಗೆ ಕಟ್ಟಿದ್ದಾರಲ್ಲ ಎಂಬ ಸಿಟ್ಟು ಕಾಲೇಜು ಮುಗಿದರೂ ಇಳಿಯಲಿಲ್ಲ.

ನಾನು ವೈದ್ಯಕೀಯ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಕಚೇರಿ ಇಲ್ಲ, ಸಾಹೇಬ ಇಲ್ಲ. ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಕೆಲಸ ಹಿಡಿದು ಆನ್‌ಲೈನಿನಲ್ಲೇ ಮುಗಿಸಿ ಕಳಿಸುವುದು. ಶುರುವಿನಲ್ಲಿ ಒಂದು ವೆಬ್‌ಸೈಟಿನಲ್ಲಿ ಸ್ವಂತ ಹೆಸರು, ಫೋಟೋ ಹಾಕಿ ನಾಲ್ಕು ತಿಂಗಳು ಕಾದೆ. ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ. ನೋಡಿದವನೊಬ್ಬ ಚಿತ್ರ ಬಿಟ್ಟು ನನ್ನ ಮುಖದ ಬಗ್ಗೆ ಬರೆದ, ವಿಳಾಸ ಹುಡುಕಿ ಮನೆ ಬಾಗಿಲಿಗೇ ಹೂ ಕಳಿಸಿದ. ಅವತ್ತೇ ಹೆಸರು, ಫೋಟೋ ಎರಡನ್ನೂ ಕಿತ್ತುಹಾಕಿ 'ನೋರಾ ಎಲಿಸ್' ಆದೆ. ಮೂರನೇ ದಿನ ಕೆಲಸ ಬಂತು. ಅದೇ ಕೈ, ಅದೇ ಗೆರೆ. ಸಿಟ್ಟಿನಲ್ಲೇ ಕೆಲಸ ಒಪ್ಪಿಕೊಂಡೆ.

ಹನ್ನೊಂದು ವರ್ಷ ಹಾಗೇ ನಡೆಯಿತು. ಹೋದ ವರ್ಷ ಲಂಡನ್ನಿನ ಪ್ರಕಾಶಕರೊಬ್ಬರಿಗೆ ದೊಡ್ಡ ಕೆಲಸ ಮುಗಿಸಿಕೊಟ್ಟೆ. ಆಗ ತಾನೇ ಹುಟ್ಟಿದ ಕೂಸುಗಳ ಹೃದಯದ ಶಸ್ತ್ರಚಿಕಿತ್ಸೆಯ ಪುಸ್ತಕ ಅದು. ಇನ್ನೂರ ಹನ್ನೆರಡು ಚಿತ್ರ, ಎರಡು ವರ್ಷದ ದುಡಿಮೆ. ಸಂಪಾದಕಿ ಒಂದು ಸೋಮವಾರ ಮೇಲ್ ಹಾಕಿದಳು: ಮೊದಲ ಪುಟದಲ್ಲಿ ಡಾಕ್ಟರ ಹೆಸರಿನ ಕೆಳಗೆ ನಿಮ್ಮ ಹೆಸರೂ ಬರಬೇಕೆಂದು ಅವರೇ ಹೇಳಿದ್ದಾರೆ, ಹೇಗೆ ಬರೆಯಬೇಕೆಂದು ಶುಕ್ರವಾರ ನಿಮ್ಮ ಕಡೆಯ ಸಂಜೆ ಐದರೊಳಗೆ ತಿಳಿಸಿ.

ಅಲ್ಲಿಯತನಕ ನನ್ನ ಚಿತ್ರದ ಕೆಳಗೆ ಯಾರೂ ಯಾವ ಹೆಸರನ್ನೂ ಹಾಕಿದವರಲ್ಲ. ನಿಜ ಹೇಳಿದರೆ ಹನ್ನೊಂದು ವರ್ಷ ಸುಳ್ಳು ಹೆಸರಿನಲ್ಲಿ ಇದ್ದೆನೆಂದು ಒಪ್ಪಿಕೊಳ್ಳಬೇಕು. ಪ್ರಕಾಶಕರು ಕೈ ಬಿಡಬಹುದು. ಆ ವೆಬ್‌ಸೈಟಿನವರಂತೂ ನಿಯಮದ ಪ್ರಕಾರ ಖಾತೆಯನ್ನೇ ಮುಚ್ಚುತ್ತಾರೆ, ಗಿರಾಕಿಗಳು ನನ್ನ ಕೆಲಸದ ಬಗ್ಗೆ ಬರೆದ ಒಳ್ಳೆಯ ಮಾತೆಲ್ಲ ಅದರೊಂದಿಗೆ ಹೋಗುತ್ತದೆ. ಹೇಳದಿದ್ದರೆ, ಹುಟ್ಟಿಯೇ ಇರದ ಹೆಂಗಸೊಬ್ಬಳು ನನ್ನ ಪುಸ್ತಕದಲ್ಲಿ ಶಾಶ್ವತವಾಗಿ ಕೂತುಬಿಡುತ್ತಾಳೆ. ನಾಲ್ಕು ದಿನ ಊಟ ಸೇರಲಿಲ್ಲ, ಎದುರಿಗೆ ಸಿಕ್ಕವರ ಮೇಲೆಲ್ಲ ಹರಿಹಾಯ್ದೆ.

ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಗೇಟಿನಿಂದ ಫೋನು. ಬಂದವರ ಹೆಸರನ್ನು ಮೊಬೈಲಿನಲ್ಲಿ ತುಂಬಿಸದೆ ವಾಚ್‌ಮನ್ ಯಾರನ್ನೂ ಒಳಗೆ ಬಿಡುವುದಿಲ್ಲ. "ಮ್ಯಾಡಮ್, ಒಬ್ಬ ಮುದುಕರು ಬಂದಿದ್ದಾರೆ. ಹೆಸರು ಕೇಳಿದ್ರೆ ಅಪ್ಪ, ಅಜ್ಜ, ಮುತ್ತಜ್ಜನ ಹೆಸರೂ ಹೇಳ್ತಿದ್ದಾರೆ. ಇಲ್ಲಿ ಅಷ್ಟು ಜಾಗ ಇಲ್ಲ" ಎಂದು ಮರಾಠಿಯಲ್ಲಿ ಗೋಳು ತೋಡಿಕೊಂಡ. ನಾನು ಇಲ್ಲವೆಂದು ಹೇಳಿ ಇಡುವುದರಲ್ಲಿದ್ದೆ. ಪಕ್ಕದಲ್ಲಿದ್ದ ಅಪ್ಪ ಮುತ್ತಜ್ಜನ ಮಾತು ಕಿವಿಗೆ ಬಿದ್ದದ್ದೇ ಫೋನು ಕಸಿದುಕೊಂಡರು. "ಹೆಳವಪ್ಪ ಬಂದಾನ. ಬಿಡ್ರಿ, ಒಳಗ ಬಿಡ್ರಿ."

ಹೆಳವರೆಂದರೆ ಮನೆತನಗಳ ವಂಶಾವಳಿ ಕಾಯುವವರು. ತಲೆತಲಾಂತರದಿಂದ ಗೊತ್ತಾದ ಮನೆಗಳಿಗೆ ಕೆಲವು ವರ್ಷಕ್ಕೊಮ್ಮೆ ಬಂದು, ಹಿರಿಯರ ಹೆಸರೆಲ್ಲ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಹೋಗುತ್ತಾರೆ. ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಗೆ ಎತ್ತಿನ ಮೇಲೆ ಬರುತ್ತಿದ್ದರೆಂದು ಅಪ್ಪ ಹೇಳಿದ್ದು ಕೇಳಿದ್ದೆ. ಪಿಂಪ್ರಿಯ ಕಾರ್ಖಾನೆಯಲ್ಲಿ ಲೇಥ್ ನಡೆಸಲು ಅಪ್ಪ ಊರು ಬಿಟ್ಟಮೇಲೆ ನಮ್ಮನ್ನು ಯಾರೂ ಹುಡುಕಿ ಬಂದಿರಲಿಲ್ಲ. ದಿಗಂಬರ ಎಂಬ ಹೆಸರಿನ ಈ ಹೆಳವರು ಸ್ವಾರಗೇಟಿನಲ್ಲಿ ಬಸ್ಸಿಳಿದು, ಮೆಟ್ರೋ ಹತ್ತಿ, ಕೇಳುತ್ತ ಕೇಳುತ್ತ ಬಂದಿದ್ದರು. ತಲೆಗೆ ಸುತ್ತಿದ ಬಿಳಿ ಪಟಗ, ಕರಿ ಕೋಟು, ಬಗಲಲ್ಲಿ ಕೆಂಪು ಬಟ್ಟೆಯ ಗಂಟು.

"ಈರಬಸಪ್ಪನವರ, ನಲವತ್ತೊಂಬತ್ತು ವರ್ಷಾತು ನಿಮ್ಮನಿ ಸಾಲು ನಿಂತು" ಎಂದರು. ನೀರು ಕುಡಿದು, ಸೋಫಾ ಬೇಡವೆಂದು ನೆಲದ ಮೇಲೆ ಕುಳಿತು, ಕಣ್ಣು ಮುಚ್ಚಿ ನಮ್ಮ ಹಿರಿಯರ ಹೆಸರು ಹೇಳತೊಡಗಿದರು.

ನಾನು ಬಾಗಿಲಲ್ಲಿ ನಿಂತಿದ್ದೆ. ಐದು ನಿಮಿಷ ಕೇಳಿ ಒಳಗೆ ಹೋಗುವವಳಿದ್ದೆ. ಕೆರೆಯ ಏರಿಗೆ ಮೊದಲ ಬುಟ್ಟಿ ಮಣ್ಣು ಹೊತ್ತ ಬಾಳಪ್ಪ. ಅವನ ಮಗ, ಎಡಗೈಯಲ್ಲಿ ಬಿತ್ತುತ್ತಿದ್ದ ದುಂಡಪ್ಪ. ದುಂಡಪ್ಪ ಯಾವ ಊರಿನ ಯಾರ ಮಗಳನ್ನು ತಂದ, ಆಕೆ ಎಷ್ಟು ಹೆತ್ತಳು, ಎಷ್ಟು ಉಳಿದವು. ತೊಟ್ಟಿಲಿಗೆ ಹಾಕಿ ಐದೇ ದಿನ ಬದುಕಿದ ಸಂಗವ್ವ ಎಂಬ ಕೂಸನ್ನೂ ಅವರು ಬಿಡಲಿಲ್ಲ. ಮುನ್ನೂರು ವರ್ಷದ ಹಿಂದಿನ ಆ ಕೂಸಿನ ಹೆಸರು ನಮ್ಮ ಮೂರನೇ ಮಹಡಿಯ ಹಾಲಿನಲ್ಲಿ, ಫ್ರಿಜ್ಜಿನ ಪಕ್ಕದಲ್ಲಿ, ಮುದುಕರೊಬ್ಬರ ಬಾಯಲ್ಲಿ ಬಂತು. ಹನ್ನೆರಡು ತಲೆಮಾರನ್ನು ಅವರು ಒಂದು ಚೀಟಿಯೂ ನೋಡದೆ ಹೇಳುತ್ತಿದ್ದರು. ನಾನು ಒಳಗೆ ಹೋಗದೆ ಅಪ್ಪನ ಪಕ್ಕ ಕುಳಿತೆ.

ಅಷ್ಟರಲ್ಲಿ ನನ್ನ ಹೆಸರು ಬಂತು.

"ಈರಬಸಪ್ಪನವರ ಅಜ್ಜನ ಅವ್ವ ನಾಗವ್ವ. ಮುರದ ಎಲುಬು ಕೂಡಸಾಕಿ. ಏಳೂರಾಗ ಕಟ್ಟು ಅಂದ್ರ ಮುಗಳಿ ಮಲ್ಲಪ್ಪನ ಕಟ್ಟು ಅಂತಿದ್ರು. ಮಲ್ಲಪ್ಪ ಆಕಿ ಮೈದುನ. ಗಂಡಸರ ಕಾಲು ಹೆಣಮಗಳು ಮುಟ್ಯಾಳ ಅಂತ ಗೊತ್ತಾದ್ರ ಯಾರು ಬರ್ತಾರ? ಅದಕ್ಕ ಬಂದವರ ಕಣ್ಣಿಗೆ ಅರಿವಿ ಕಟ್ಟತಿದ್ರು. ಮಲ್ಲಪ್ಪ ತಲಿ ಕಡೆ ಕುಂತು ಮಾತಾಡಾಂವ. ಆಕಿ ಕಾಲು ಕಡೆ ಕುಂತು ಬಾಯಿ ಬಿಡದಂಗ ಎಲುಬು ಕೂಡಸಾಕಿ."

"ಹಂಗಾದ್ರ ನಿಮಗ ಹೆಂಗ ಗೊತ್ತಾತ್ರಿ?" ಎಂದೆ.

"ನಮ್ಮ ಹಿರ್ಯಾ ಒಬ್ಬಾಂವ ಎತ್ತಿನ ಮ್ಯಾಲಿಂದ ಬಿದ್ದು ಕಾಲು ಮುರಕೊಂಡ. ಅಂವನ ಕಣ್ಣೂ ಕಟ್ಟಿದ್ರು. ಕಿವಿ ಕಟ್ಟಿರಲಿಲ್ಲ ನೋಡ್ರಿ. ಕಾಲು ಕಡೆ ಗಾಜಿನ ಬಳಿ ಸಪ್ಪಳಾತು. ಮಲ್ಲಪ್ಪ ಬಳಿ ಇಡಾಂವಲ್ಲ." ಹೆಳವರು ಕಣ್ಣು ತೆರೆದು ನಕ್ಕರು. ಗಂಟು ಬಿಚ್ಚಿ ಹಳೆಯ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಶಾಯಿ ಕಂದಿತ್ತು, ಆದರೂ ಓದಲು ಬಂತು.

ಕಟ್ಟು ಮಲ್ಲಪ್ಪಂದು ಅಂತಾರ. ಕೈ ನಾಗವ್ವಂದು.

ಅಪ್ಪನ ಕಣ್ಣು ತುಂಬಿದವು. "ಅಜ್ಜ ಹೇಳಿದ್ದು ಈಕಿ ಹೆಸರಾ?" ಎಂದು ಮೆಲ್ಲಗೆ ಕೇಳಿದರು. ಊರಿಗೆ ಊರೇ ಮರೆತಿದ್ದ, ಅಲ್ಲ, ಯಾರಿಗೂ ತಿಳಿದೇ ಇರದ ಹೆಂಗಸು. ಅವಳ ಹೆಸರನ್ನು ನಾನು ಮೂವತ್ತಾರು ವರ್ಷ ಬೈದುಕೊಂಡು ತಿರುಗಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಈಗ ನಿಂದು ಬರೀಬೇಕವ್ವ" ಎಂದು ಹೆಳವರು ಹೊಸ ಪುಸ್ತಕ ತೆಗೆದರು. "ಏನು ಕೆಲಸ?"

ಬಾಯಲ್ಲಿ ಹೇಳಿದರೆ ತಿಳಿಯಲಾರದೆಂದು ಒಳಗೆ ಕರೆದುಕೊಂಡು ಹೋಗಿ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದೆ. ಅವರು ಬಗ್ಗಿ ನೋಡಿದರು.

"ಏನಿದು?"

"ಕೂಸಿನ ಹೃದಯ್ರಿ. ಹುಟ್ಟಿ ಹತ್ತು ದಿನದ್ದು. ಖರೇ ಅಂದ್ರ ಒಂದು ದೊಡ್ಡ ನೆಲ್ಲಿಕಾಯಿಯಷ್ಟಿರ್ತದ. ಎಲ್ಲಿ ಕೊಯ್ಯಬೇಕು, ಎಲ್ಲಿ ಹೊಲೀಬೇಕು ಅಂತ ಡಾಕ್ಟರು ಇದನ್ನ ನೋಡಿ ಕಲೀತಾರ."

ಅವರು ಪಟಗ ತೆಗೆದು ಕಂಕುಳಲ್ಲಿಟ್ಟುಕೊಂಡು ಪರದೆಗೆ ಕೈ ಮುಗಿದರು. ಹನ್ನೆರಡು ತಲೆಮಾರನ್ನು ತಲೆಯಲ್ಲಿ ಹೊತ್ತ ಮನುಷ್ಯ ನನ್ನ ಗೆರೆಗಳ ಮುಂದೆ ಬರಿದಲೆಯಲ್ಲಿ ನಿಂತಿದ್ದರು. "ಸಂಗವ್ವನಂಥಾವು ಎಷ್ಟು ಉಳೀತಾವೋ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಆಮೇಲೆ, "ಬುಕ್ಕಿನಾಗ ಹೆಸರು ಬರ್ತದಲ್ಲವ್ವ?" ಎಂದರು.

ಬಾಗಿಲಿಗೆ ಬಂದು ನಿಂತಿದ್ದ ಅಪ್ಪ ನನಗಿಂತ ಮೊದಲೇ ಹೇಳಿದರು, "ನೋರಾ ಎಲಿಸ್ ಅಂತ ಬರ್ತದ." ಹನ್ನೊಂದು ವರ್ಷದಲ್ಲಿ ಅಪ್ಪ ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೆಳವರು ಬೈಯಲಿಲ್ಲ. ಇನ್ನೊಮ್ಮೆ ಹೇಳಿಸಿಕೊಂಡು, ಹಾಲಿಗೆ ಹೋಗಿ ಕುಳಿತು ಬರೆದರು. ನಾನು ಹಿಂದಿನಿಂದ ನೋಡಿದೆ. ಹೆಸರು ನೋರಾ ಎಲಿಸ್ ಅಂತಾರ. ಕೈ ನಾಗವ್ವಂದು.

"ಸುಮ್ಮಸುಮ್ಮನ ಇಟ್ಕೊಂಡಿಲ್ರಿ ನಾನು" ಎಂದು ಸಿಡುಕಿದೆ. ಹೂ ಕಳಿಸಿದವನ ಕತೆ, ನಾಲ್ಕು ತಿಂಗಳು ಕಾದ ಕತೆ ಎಲ್ಲ ಕಕ್ಕಿದೆ.

"ಕಾರಣ ಇರ್ತಾವವ್ವ. ಆಕಿಗೂ ಇದ್ವು. ನಾ ಎಲ್ಲೆ ತಪ್ಪು ಅಂದೆ?" ಪೆನ್ನಿಗೆ ಮುಚ್ಚಳ ಹಾಕುತ್ತ ಅವರೆಂದರು. "ಆಕಿ ಇರೋತನಕ ಆಕಿನ್ನ ಯಾರೂ ಹೆಸರು ಕೇಳಲಿಲ್ಲ. ಕೇಳಿದ್ರ ಏನಂತಿದ್ಲೋ, ಅದು ನಮ್ಮ ಪುಸ್ತಕದಾಗ ಇಲ್ಲ."

ಸಂಪಾದಕಿಯ ಮೇಲ್ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪನಿಗೂ ನಾನು ಹೇಳಿರಲಿಲ್ಲ.

ಜೋಳ, ಧೋತರ ಕೊಟ್ಟು, ಕಾಲಿಗೆ ಬಿದ್ದು ಕಳಿಸಿದೆವು. ಆಗ ನಾಲ್ಕೂ ಇಪ್ಪತ್ತು. ಮೇಜಿನ ಮುಂದೆ ಕುಳಿತೆ. ಇನ್ನೂರ ಹನ್ನೆರಡು ಹೃದಯ ಬರೆದ ಕೈ ನಾಲ್ಕು ಸಾಲನ್ನು ಅಳಿಸಿ ಅಳಿಸಿ ಬರೆಯಿತು. ನೋರಾ ಎಂಬವಳು ಇಲ್ಲ, ಅವಳನ್ನು ಯಾಕೆ ಮಾಡಿಕೊಂಡೆ, ನನ್ನ ಹೆಸರು ಏನು, ಎಲ್ಲ ಬರೆದು ಐದಕ್ಕೆ ಆರು ನಿಮಿಷ ಇರುವಾಗ ಕಳಿಸಿದೆ. ಆ ವೆಬ್‌ಸೈಟಿನವರಿಗೂ ನಾನೇ ತಿಳಿಸಿದೆ.

ಅವರು ಬುಧವಾರ ಖಾತೆ ಮುಚ್ಚಿದರು. ಹನ್ನೊಂದು ವರ್ಷ ಒಂದು ಕ್ಷಣದಲ್ಲಿ ಮಾಯವಾಯಿತು, ಕುಳಿತು ಅತ್ತೆ. ಪ್ರಕಾಶಕರು ಎಂಟು ದಿನ ಸುಮ್ಮನಿದ್ದರು. ಒಂಬತ್ತನೇ ದಿನ ಸಂಪಾದಕಿ ಎರಡೇ ಸಾಲು ಬರೆದಳು: ಪುಟ ತಿದ್ದಿದ್ದೇವೆ, ನಿಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕು, ನೀವೇ ಹೇಳಿ ಧ್ವನಿ ಮುದ್ರಿಸಿ ಕಳಿಸುತ್ತೀರಾ? ನಾನು ಹೇಳಲಿಲ್ಲ, ಅಪ್ಪನ ಕೈಗೆ ಫೋನು ಕೊಟ್ಟೆ. ಅವರು ಗಂಟಲು ಸರಿ ಮಾಡಿಕೊಂಡು ಮೂರು ಸಲ ಹೇಳಿದರು. ಫೋಟೋ ಮಾತ್ರ ನಾನು ಇಂದಿಗೂ ಎಲ್ಲೂ ಹಾಕಿಲ್ಲ. ಹೂ ಕಳಿಸುವವರು ಇನ್ನೂ ಇದ್ದಾರೆ.

ಈ ತಿಂಗಳು ಪುಸ್ತಕ ಬಂತು. ಹೆಳವರಿಗೆ ಫೋನು ಮಾಡಿ ಹೇಳಿದೆ. "ನೋರಾ ಅಂತ ಬರದ ಆ ಸಾಲು ಹೊಡದ ಹಾಕ್ರಿ ಈಗ."

"ಬರದದ್ದು ಹೊಡಿಯೋ ರೂಢಿ ನಮ್ಮಲ್ಲೆ ಇಲ್ಲವ್ವ. ಕೆಳಗ ಇನ್ನೊಂದು ಸಾಲು ಬರೀತೀನಿ, ತಡಿ" ಎಂದರು. ಗಂಟು ಬಿಚ್ಚಿದ್ದು, ಹಾಳೆ ತಿರುವಿದ್ದು ಕೇಳಿಸಿತು. ಆಮೇಲೆ ಬರೆಯುತ್ತ ಬರೆಯುತ್ತ ಒಂದೊಂದೇ ಶಬ್ದ ಓದಿದರು.

"ಹೆಸರು ಕೇಳಿದ್ರು. ಹೇಳಿದ್ಲು."