ಕನಕಮ್ಮ ಕಲಿತ ಕೈಮಾತು

ದೇವದುರ್ಗದ ಅಂಗನವಾಡಿ ಟೀಚರ್ ಕನಕಮ್ಮನಿಗೆ ಮಾತೆಂದರೆ ಊಟಕ್ಕಿಂತ ಮೊದಲು ಬೇಕಾದದ್ದು. ಮಕ್ಕಳ ಜೊತೆ ಮಾತು, ಮಕ್ಕಳ ತಾಯಂದಿರ ಜೊತೆ ಮಾತು, ಓಣಿಯಲ್ಲಿ ಹಾಯುವ ಹಣ್ಣಿನ ಬಂಡಿಯವನನ್ನೂ ನಿಲ್ಲಿಸಿಕೊಂಡು ಮಾತು. ಗಂಡ ರಾಮಲಿಂಗಪ್ಪ ಮಾತ್ರ ಎಲ್ಲದಕ್ಕೂ "ಹೂಂ" ಅನ್ನುವ ಮನುಷ್ಯ. ಆ ಹೂಂ ಒಂದರ ಮೇಲೆಯೇ ಆಕೆ ಇಷ್ಟು ವರ್ಷ ಸಂಸಾರ ಮಾಡಿದ್ದಳು.

ಹಾಗಾಗಿ ಬರುವ ಸೊಸೆಯ ಮೇಲೆ ಆಕೆಯ ಆಸೆಯೆಲ್ಲ ನಿಂತಿತ್ತು. ಮಗ ಅಮರೇಶ ರಾಯಚೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಒಂದು ಭಾನುವಾರ ಊರಿಗೆ ಬಂದವನು ಮೊಬೈಲಿನಲ್ಲಿ ಫೋಟೋ ತೋರಿಸಿದ.

"ಯವ್ವಾ, ಈಕಿ ಶಶಿಕಲಾ. ಮಾನ್ವಿಯವ್ರು. ರಾಯಚೂರಾಗ ಒಂದು ಆಫೀಸಿನಾಗ ಕಂಪ್ಯೂಟರ್ ಕೆಲಸ ಮಾಡ್ತಾಳ. ನಾ ಮದುವಿ ಆದ್ರ ಈಕಿನ್ನ."

ಕನಕಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಕಣ್ಣುಗಳು ಚೆಂದ ಇದ್ದವು. "ಮಾತುಕತಿ ಹ್ಯಾಂಗ? ಎಲ್ಲಾರ ಕೂಡ ಚಲೋ ಮಾತಾಡ್ತಾಳ?"

"ಮಾತಾಡ್ತಾಳ, ಆದ್ರ ಕೈಲೇ. ಹುಟ್ಟಿದಾಗಿಂದ ಆಕಿಗೆ ಕಿವಿ ಕೇಳಂಗಿಲ್ಲ."

ಕನಕಮ್ಮನ ಬಾಯಿಂದ ಹೊರಟ ಮಾತನ್ನು ಆಮೇಲೆ ಆಕೆಯೇ ವಾಪಸು ನುಂಗಬೇಕೆಂದುಕೊಂಡಳು. "ಅಲ್ಲೋ, ನಾ ಆಕಿ ಕೂಡ ಏನ್ ಮಾತಾಡ್ಲಿ? ಗ್ವಾಡಿ ಕೂಡ ಬಾಳೇವು ಮಾಡಿದಂಗ ಆಗ್ತದಲ್ಲ!"

ಅಮರೇಶ ಎದ್ದು ಚೀಲ ಹೆಗಲಿಗೇರಿಸಿಕೊಂಡ. ಉಣ್ಣದೆಯೇ ಸಂಜೆಯ ಬಸ್ಸು ಹತ್ತಿದ. ಆಮೇಲೆ ಕನಕಮ್ಮ ಫೋನು ಮಾಡಿ, ಮದುವೆಗೆ ತನ್ನದೇನೂ ಅಡ್ಡಿಯಿಲ್ಲ ಅಂದಳು. ಅವನು "ಆತು ಯವ್ವಾ" ಅಂದ. ಆದರೆ ಆ ದನಿಯಲ್ಲಿ ಇನ್ನೂ ನೋವಿತ್ತು. ಹೆತ್ತ ತಾಯಿಗೆ ಅದು ತಿಳಿಯದೇ ಇರುತ್ತದೆಯೇ? ಆ ಹುಡುಗಿಯ ಭಾಷೆ ತಾನೂ ಕಲಿತರೆ ಹೇಗೆ ಅನ್ನುವ ಯೋಚನೆ ಬಂದದ್ದು ಆಗಲೇ. ಮಗನನ್ನು ಕೇಳಲು ಮಾತ್ರ ಮನಸ್ಸು ಒಪ್ಪಲಿಲ್ಲ. ಅಂಥ ಮಾತಾಡಿದ ಮೇಲೆ ಯಾವ ಮುಖ ಇಟ್ಟುಕೊಂಡು ಕಲಿಸು ಅನ್ನುವುದು?

ಪಕ್ಕದ ಮನೆಯ ಮಿನಾಜ್ ಬ್ಲೌಸ್ ಹೊಲಿಯುತ್ತಿದ್ದಳು. ಕನಕಮ್ಮನಿಗಿಂತ ಎರಡು ಮೂರು ವರ್ಷ ಚಿಕ್ಕವಳು, ಹಳೆಯ ಗೆಳತಿ. ಕೊನೆಗಾಲಕ್ಕೆ ಅವಳ ತಾಯಿ ಮಗಳ ಹೆಸರನ್ನೇ ಮರೆತಿದ್ದರು. ಅಂದಿನಿಂದ ಮಿನಾಜ್ ದಿನಾ ಮಧ್ಯಾಹ್ನ ಮೊಬೈಲಿನಲ್ಲಿ ನೆನಪಿನ ಆಟ ಆಡುತ್ತಿದ್ದಳು. ಮುಚ್ಚಿಟ್ಟ ಚಿತ್ರಗಳಲ್ಲಿ ಒಂದೇ ತರಹದ ಎರಡನ್ನು ಹುಡುಕಿ ತೆಗೆಯುವ ಆಟ.

"ತಲಿ ಅಂದ್ರ ಹೊಲಿಗಿ ಮಷೀನ್ ಇದ್ದಂಗ ಕನಕಕ್ಕ. ದಿನಾ ತುಳೀಲಿಲ್ಲಂದ್ರ ತುಕ್ಕು ಹಿಡೀತದ."

"ನನಗ ಐವತ್ತು ದಾಟ್ಯಾವ ಬೇ. ಈಗ ಹೊಸಾ ಭಾಷಿ ಈ ತಲಿಗೆ ಹತ್ತತದ?"

"ಹತ್ತತದ. ಫೋನಿನಾಗ ಎಲ್ಲಾ ಫುಕಟ್ ಅದ. ನಾ ಗುಂಡಗಿ ಕಾಲರ್ ಹಚ್ಚೋದು ಎಲ್ಲಿ ಕಲ್ತೆ ಅಂದ್ಕೊಂಡಿ? ಇದರಾಗೇ."

ಇಬ್ಬರೂ ಸೇರಿ ಹುಡುಕಿದರು. ಕನ್ನಡದಲ್ಲಿ ಕೇಳಿದರು, ಮಿನಾಜ್ ತನ್ನ ಉರ್ದುವಿನಲ್ಲಿ ಕೇಳಿದಳು, ಏನೇನೋ ಬಂತು. ಕಡೆಗೆ ಬೆಳ್ಳಿ ಕೂದಲಿನ ಒಬ್ಬ ಪರದೇಶದ ಹೆಂಗಸು ಸಿಕ್ಕಳು. ನೀಲಿ ಅಂಗಿ, ನಗುಮುಖ. ತುಟಿ ಬಿಚ್ಚದೆ, ಬರೀ ಕೈಯಾಡಿಸಿ, ಪಕ್ಕದಲ್ಲಿ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದಳು. ಕನಕಮ್ಮನಿಗೆ ಬಲು ಹಿಡಿಸಿದಳು. "ಬಾಯಿ ಮಾತೇ ಇಲ್ಲಲ್ಲ, ಯಾವ ದೇಶದಾಕಿ ಆದ್ರೇನು! ಕೈ ಎಲ್ಲಾರವೂ ಒಂದೇ," ಅಂದಳು.

ಮಕ್ಕಳು ಮನೆಗೆ ಹೋದ ಮೇಲೆ ಮಿನಾಜ್‌ಳ ಕಟ್ಟೆಯ ಮೇಲೆ ಕೂತು ಅಭ್ಯಾಸ. ಮೊದಲು ಚಿತ್ರದ ಆಟ, ಆಮೇಲೆ ಪಾಠ. ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ನಿನ್ನೆ ಕಲಿತದ್ದು ಇಂದಿಗೆ ಮಾಯ. ಆದರೂ ಆಕೆ ಬಿಡಲಿಲ್ಲ. ರೊಟ್ಟಿ ಬಡಿಯುತ್ತ ಬೆರಳಲ್ಲೇ ಅಕ್ಷರ ಮಾಡಿದಳು, ಬಸ್ಸಿನಲ್ಲಿ ಸೆರಗಿನೊಳಗೆ ಬೆರಳು ಮಡಚಿದಳು. ಒಮ್ಮೆ ಗೆಳತಿಯರಿಬ್ಬರೂ ಕಾಂಪೌಂಡಿನ ಆಚೆ ಈಚೆ ನಿಂತು ಕೈಯಾಡಿಸುವುದನ್ನು ಕಂಡ ಎದುರು ಮನೆಯ ಸೌಭಾಗ್ಯ ಓಡಿ ಬಂದು, "ಇಷ್ಟು ದಿನ ಚಲೋ ಇದ್ದಿರಿ, ಏನಾತು? ಜಗಳ ಬ್ಯಾಡ್ರೆವ್ವಾ," ಎಂದು ಸಮಾಧಾನ ಮಾಡಿದಳು.

ನಿಶ್ಚಿತಾರ್ಥಕ್ಕೆ ಮಾನ್ವಿಗೆ ಹೊರಟಾಗ ಕನಕಮ್ಮನಿಗೆ ಒಂದು ಮಾತು ಬಾಯಿಪಾಠವಾಗಿತ್ತು, ಅಂದರೆ ಕೈಪಾಠ. "ನೀನು ನನ್ನ ಮಗಳು." ಗೋಡೆ ಅಂದ ಮಾತಿಗೆ ಅದೇ ಉತ್ತರ ಎಂದುಕೊಂಡಿದ್ದಳು. ಅಮರೇಶನಿಗೂ ಸುಳಿವು ಕೊಟ್ಟಿರಲಿಲ್ಲ.

ಶಶಿಕಲಾಳ ಮನೆ ತುಂಬ ನೆಂಟರು. ಮಲ್ಲಟ ಅನ್ನುವ ಹಳ್ಳಿಯಿಂದಲೇ ಎರಡು ಜೀಪು ಜನ ಬಂದಿದ್ದರು. ಹಸಿರು ಸೀರೆಯ ಹುಡುಗಿ ತಟ್ಟೆ ಹಿಡಿದು ಮುಂದೆ ಬಂದಳು. ಕನಕಮ್ಮ ಎದ್ದು ನಿಂತಳು. ಗಾಬರಿಗೆ ಬೆವರು ಕಿತ್ತಿತ್ತು, ಮುಖ ಬಿಳಿಚಿತ್ತು. ಹುಡುಗಿಯ ಕಡೆ ಬೆರಳು ತೋರಿದಳು. ನನ್ನ ಅನ್ನಲು ಅಂಗೈಯನ್ನು ಎದೆಗೊತ್ತಿದಳು. ಮಗಳು ಅನ್ನಲು ಅದೇ ಕೈಯನ್ನು ದವಡೆಗೆ ಒಯ್ದು, ಅಲ್ಲಿಂದ ಎಡಮೊಣಕೈಗೆ ಇಳಿಸಿದಳು. ಹುಡುಗಿ ಸುಮ್ಮನೆ ನೋಡುತ್ತಿದ್ದುದನ್ನು ಕಂಡು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ, ಎದೆ, ದವಡೆ, ಎಡಗೈ.

ಶಶಿಕಲಾಳ ಕೈಯಿಂದ ತಟ್ಟೆ ಬಿತ್ತು. ನೋವು ಎದೆಯಿಂದ ದವಡೆಗೆ, ಎಡಗೈಗೆ ಹರಡಿದರೆ ಹೃದಯಾಘಾತದ ಲಕ್ಷಣ ಎಂದು ಬರೆದ ಪೋಸ್ಟರೊಂದು ಅವಳ ಆಫೀಸಿನ ಗೋಡೆಯ ಮೇಲಿತ್ತು, ದಿನಾ ನೋಡಿದ್ದಳು. ಒಂದೇ ನೆಗೆತಕ್ಕೆ ಬಂದು ಕನಕಮ್ಮನನ್ನು ತಬ್ಬಿ ನೆಲದ ಮೇಲೆ ಕೂರಿಸಿ, ಗೋಡೆಗೆ ಆನಿಸಿ, ಸೆರಗಿನಿಂದ ಗಾಳಿ ಹಾಕತೊಡಗಿದಳು. ಅಪ್ಪನಿಗೆ ಕೈಸನ್ನೆ ಮಾಡಿದಳು. ಆತ "ಗಾಡಿ ತರ್ರೋ, ಬೀಗ್ತಿಯವ್ರಿಗೆ ಎದಿ ನೋವು!" ಎಂದು ಕೂಗಿದ.

"ನನಗೇನೂ ಆಗಿಲ್ರೀ!" ಕನಕಮ್ಮ ಒದರಿದಳು. ಅದು ಕೇಳಬೇಕಾದವಳಿಗೆ ಕೇಳುವಂತಿರಲಿಲ್ಲ. ಎದ್ದೇಳಲು ಹೋದರೆ ಹುಡುಗಿ ಮತ್ತೆ ಕೂರಿಸುತ್ತಿದ್ದಳು. ಅವಳ ಕಣ್ಣಲ್ಲಿ ನೀರು.

ಜನರನ್ನು ಸರಿಸಿಕೊಂಡು ಅಮರೇಶ ಬಂದ. "ಯವ್ವಾ, ಎಲ್ಲಿ ನೋವು?"

"ನೋವಿಲ್ಲೋ! ನೀ ನನ್ನ ಮಗಳು ಅಂತ ಹೇಳಾಕತ್ತೀನಿ ಆಕಿಗೆ! ಫೋನಿನಾಗ ನೋಡಿ ಕಲ್ತು ಬಂದೀನಿ!"

ಅಮರೇಶ ತಾಯಿಯ ಎರಡೂ ಕೈ ಹಿಡಿದುಕೊಂಡ. ಆಮೇಲೆ ಶಶಿಕಲಾಳ ಕಡೆ ತಿರುಗಿ ನಿಧಾನಕ್ಕೆ ಕೈಯಲ್ಲಿ ಹೇಳಿದ. ಸುತ್ತಲಿನವರಿಗೆ ವಿಷಯ ತಿಳಿದದ್ದೇ ತಡ, ನಗುವಿನ ದೊಡ್ಡ ಅಲೆಯೇ ಎದ್ದಿತು. ಕನಕಮ್ಮ ನಾಚಿಕೆಯಿಂದ ಎದ್ದು ಹಿತ್ತಲಿಗೆ ಹೋಗಿ ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಶಶಿಕಲಾ ಬಂದು ಪಕ್ಕದಲ್ಲೇ ಕೂತಳು. ಹೊಸ ಸೀರೆ ಒದ್ದೆಯಾಗುವುದನ್ನೂ ನೋಡಲಿಲ್ಲ. ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದು ತೋರಿಸಿದಳು. "ಯಾರು ಕಲಿಸಿದ್ರು?"

ಕನಕಮ್ಮ ಬೆಳ್ಳಿ ಕೂದಲಿನ ಗುರುವನ್ನು ತೋರಿಸಿದಳು. ಹುಡುಗಿ ನಕ್ಕು ಬರೆದಳು. "ಅತ್ತಿ, ಇದು ಅಮೆರಿಕದ ಕೈಮಾತು. ನಮ್ಮ ದೇಶದ್ದು ಬ್ಯಾರೆ ಅದ."

ಕನಕಮ್ಮ ಮುಖ ಆಚೆ ತಿರುಗಿಸಿಕೊಂಡಳು. ಕಲಿತದ್ದೆಲ್ಲ ನೀರಿಗೆ ಹೋಯಿತಲ್ಲ! ಶಶಿಕಲಾ ಅವಳ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. ಮತ್ತೆ ಬರೆದಳು. ಈ ಸಲ ಬರೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. "ನಮ್ಮ ದೊಡ್ಡಮ್ಮ, ಚಿಗವ್ವ, ಸ್ವಾದರತ್ತಿ ಎಲ್ಲಾರೂ ನನ್ನ ಎತ್ತಿ ಆಡಿಸ್ಯಾರ. ಒಬ್ಬರೂ ನನಗಂತ ಒಂದು ಅಕ್ಷರ ಕಲಿಲಿಲ್ಲ. ನೀವು ಕಲ್ತೀರಿ."

ಓದಿ ಮುಗಿಸಿದ ಕನಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡೂ ಕೈ ಅವಳ ಮುಂದೆ ಚಾಚಿದಳು. ಹುಡುಗಿ ಆಕೆಯ ಬೆರಳು ಹಿಡಿದು ಆಕೆಯದೇ ಮೂಗುಬೊಟ್ಟಿಗೆ ಮುಟ್ಟಿಸಿದಳು. ನಮ್ಮ ದೇಶದ ಕೈಮಾತಿನಲ್ಲಿ ಹೆಣ್ಣು ಅನ್ನುವುದು ಹೀಗೆ ಎಂದು ತೋರಿಸಿದಳು. ಅಲ್ಲಿಂದಲೇ ಹೊಸ ಪಾಠ ಶುರುವಾಯಿತು.

ನಮ್ಮ ದೇಶದ ಕೈಮಾತಿಗೆ ಪದಕ್ಕೊಂದು ವಿಡಿಯೋ ಇರುವ, ಬಿಡಿಗಾಸಿಲ್ಲದೆ ಸಿಗುವ ನಿಘಂಟನ್ನು ಶಶಿಕಲಾ ಫೋನಿಗೆ ಕಳಿಸಿಕೊಟ್ಟಳು. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟವಾಯಿತು. ಅಮೆರಿಕದವರು ಒಂದೇ ಕೈಯಲ್ಲಿ ಮಾಡುವ ಅಕ್ಷರಗಳಿಗೆ ಇಲ್ಲಿ ಎರಡೂ ಕೈ ಬೇಕು. ಸಂಜೆ ಮಾನ್ವಿಯಿಂದಲೋ ರಾಯಚೂರಿನಿಂದಲೋ ವಿಡಿಯೋ ಕರೆ ಬರುತ್ತಿತ್ತು. ತಪ್ಪಿದರೆ ಹುಡುಗಿ ಮುಖ ಸಿಂಡರಿಸುತ್ತಿದ್ದಳು, ಸರಿಯಾದರೆ ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದಳು. ಅದು ಚಪ್ಪಾಳೆ. ಮದುವೆಯ ದಿನ ಮಿನಾಜ್ ಕೂಡ ಮುಂದಿನ ಸಾಲಿನಲ್ಲಿ ನಿಂತು ಹಾಗೆಯೇ ಕೈ ಅಲ್ಲಾಡಿಸಿದಳು.

ಬೇಸಿಗೆಯಲ್ಲಿ ಅಂಗನವಾಡಿಗೆ ರಜೆ ಬಿಟ್ಟಾಗ ಕನಕಮ್ಮ ಗಂಡನೊಂದಿಗೆ ರಾಯಚೂರಿನ ಮಗನ ಮನೆಗೆ ಹೋದಳು. ಮಗ, ಸೊಸೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಸುಮ್ಮನೆ ಕೂರಲಾರದೆ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಸರಿಕಂಡಂತೆ ಜೋಡಿಸಿಟ್ಟಳು. ಸಂಜೆ ಬಂದ ಶಶಿಕಲಾಳಿಗೆ ಖಾರದ ಪುಡಿ ಸಿಗಲಿಲ್ಲ, ಜೋಳದ ಹಿಟ್ಟು ಸಿಗಲಿಲ್ಲ. ಅವಳ ಕೈಗಳು ಪಟಪಟನೆ ಓಡಿದವು. ಕನಕಮ್ಮನಿಗೆ ಎಲ್ಲ ತಿಳಿಯಲಿಲ್ಲ, "ನನ್ನ ಅಡಿಗಿಮನಿ" ಅನ್ನುವುದು ತಿಳಿಯಿತು. ಅಷ್ಟು ಸಾಕಾಯಿತು. ಕನಕಮ್ಮನೂ ಕೈಯಲ್ಲೇ ತಿರುಗಿ ಅಂದಳು. "ಖಾರ ಮ್ಯಾಲ ಇಡ್ತಾರೇನು? ಹಿಟ್ಟು ಬಾಗಲ ಹಿಂದ ಇಡ್ತಾರೇನು?" ಮಾತಿಗೆ ಮಾತು ಬೆಳೆಯಿತು, ಕೈಯ ಗಾಳಿಗೆ ಗೋಡೆಯ ಕ್ಯಾಲೆಂಡರ್ ಅಲುಗಿತು.

ತಟ್ಟನೆ ಶಶಿಕಲಾ ಕಣ್ಣು ಮುಚ್ಚಿಕೊಂಡಳು.

ಕನಕಮ್ಮನ ಕೈಗಳು ಗಾಳಿಯಲ್ಲೇ ನಿಂತವು. ಹೇಳುವುದು ಇನ್ನೂ ಬೇಕಾದಷ್ಟಿತ್ತು, ನೋಡುವವರಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಆಕೆಯ ಬಾಯಿಯನ್ನು ಹೀಗೆ ಮುಚ್ಚಿಸಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ರಾಮಲಿಂಗಪ್ಪ ಕೇಳಿದ. "ಈಗ ಏನ್ ಮಾಡ್ತಿ?"

ಏನು ಮಾಡುವುದು? ಸೊಸೆಯ ಎದುರಿಗೇ ನೆಲದ ಮೇಲೆ ಕೂತಳು. ಕಾದಳು. ಸ್ವಲ್ಪ ಹೊತ್ತಿಗೆ ಶಶಿಕಲಾ ಒಂದೇ ಒಂದು ಕಣ್ಣನ್ನು ಕೊಂಚ ತೆರೆದು, ಅತ್ತೆ ಹೋದಳೋ ಇಲ್ಲವೋ ಎಂದು ನೋಡಿದಳು. ಎದುರಿಗೇ ಮುಖ. ನಗು ಮೊದಲು ಯಾರಿಗೆ ಬಂತೋ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಕನಕಮ್ಮ ಎದ್ದು ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಪ್ರತಿಯೊಂದನ್ನೂ ಎತ್ತಿ ತೋರಿಸಿ ಹುಬ್ಬು ಹಾರಿಸಿ ಕೇಳಿದಳು, ಇದು ಎಲ್ಲಿ? ಸೊಸೆ ತೋರಿಸಿದ ಕಡೆ ಇಟ್ಟಳು. ಎಲ್ಲ ಮುಗಿದ ಮೇಲೆ ಹಿಟ್ಟು ನಾದಿ ರೊಟ್ಟಿ ಬಡಿಯಲು ಅತ್ತೆ ಕೂತಳು, ಬದನೆಕಾಯಿ ಹೆಚ್ಚಲು ಸೊಸೆ ಕೂತಳು. ಅಮರೇಶ ಬಂದಾಗ ಇಬ್ಬರೂ ಹಿಟ್ಟಿನ ಕೈ, ಕಾಯಿಪಲ್ಯದ ಕೈ ಅಂತ ನೋಡದೆ, ಅವನ ಬಗ್ಗೆಯೇ ಏನೋ ಚಾಡಿ ಹೇಳಿಕೊಳ್ಳುತ್ತಿದ್ದರು.