ತಗ್ಗಿನ ಪಟ್ಟಿಯ ಬಿರುಕುಗಳು

ನಾನು ಒಂದು ಎರೆಮಣ್ಣು. ನನ್ನನ್ನು ಹೊಲ ಎಂದು ಕರೆಯುವವರಿದ್ದಾರೆ, ಆದರೆ ಹೊಲ ಬೇರೆ, ನಾನು ಬೇರೆ. ಹೊಲಕ್ಕೆ ಬದು ಇದೆ, ಯಜಮಾನರಿದ್ದಾರೆ. ನನಗಿರುವುದು ಬಣ್ಣ ಮತ್ತು ಅಂಟು, ಎರಡೇ. ಬಣ್ಣ ಕಪ್ಪು. ಅಂಟಿನ ವಿಷಯ ಬೇಕಾದರೆ ಮಳೆಗಾಲದಲ್ಲಿ ಚಪ್ಪಲಿ ಹಾಕಿಕೊಂಡು ನನ್ನ ಮೇಲೆ ನಡೆದವರನ್ನು ಕೇಳಿ. ಒಂದು ಕಾಲಿನ ಚಪ್ಪಲಿಯನ್ನು ನನಗೇ ಬಿಟ್ಟು ಕುಂಟುತ್ತ ಮನೆಗೆ ಹೋದವರು ಈ ಊರಿನಲ್ಲಿ ಬಹಳ ಮಂದಿ.

ಹುಟ್ಟುವ ಮೊದಲು ನಾನು ಕಲ್ಲಾಗಿದ್ದೆ. ಊರಿನ ಆಚೆಗಿರುವ ಕರಿಗಲ್ಲಿನ ಗುಡ್ಡದಲ್ಲಿ ಬಿಸಿಲಿಗೆ ಕಾದು, ಮಳೆಗೆ ನೆನೆದು, ಪದರ ಪದರವಾಗಿ ಉದುರಿ ಹಿಟ್ಟಾದೆ. ನೀರು ನನ್ನನ್ನು ಹೊತ್ತುಕೊಂಡು ಬಂದು ಕೃಷ್ಣಾ ನದಿಯ ಹತ್ತಿರದ ಈ ತಗ್ಗಿನಲ್ಲಿ ಇಳಿಸಿತು. ಎಷ್ಟು ಕಾಲವಾಯಿತು ಎಂದು ಕೇಳಬೇಡಿ. ನಾನು ಅರೆನಿದ್ದೆಯಲ್ಲಿದ್ದೆ. ನನ್ನ ಮೇಲೆ ಆಳೆತ್ತರದ ಹುಲ್ಲು ಬೆಳೆಯುತ್ತಿತ್ತು, ಸಾಯುತ್ತಿತ್ತು, ನನ್ನೊಳಗೇ ಕರಗುತ್ತಿತ್ತು. ಹಾಗೆ ಹುಲ್ಲನ್ನು ತಿಂದು ತಿಂದು ನಾನು ಇನ್ನಷ್ಟು ಕಪ್ಪಾದೆ. ಮುಂದೆ ಎತ್ತುಗಳು ಬಂದವು, ಕುಂಟೆ ಬಂತು, ಬಿಳಿಜೋಳ ಬಂತು. ತಗ್ಗಿನಲ್ಲಿದ್ದೆನಾದ್ದರಿಂದ ನನಗೆ ತಗ್ಗಿನ ಪಟ್ಟಿ ಎಂದು ಹೆಸರಾಯಿತು.

ನನ್ನ ಸ್ವಭಾವವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಮುಂದಿನ ಕಷ್ಟವೆಲ್ಲ ಅದರಿಂದಲೇ ಬಂದದ್ದು. ಮಳೆಗಾಲದಲ್ಲಿ ನಾನು ನಿಧಾನವಾಗಿ ನೀರು ಕುಡಿದು ಉಬ್ಬುತ್ತೇನೆ. ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತೇನೆ. ತೋಳು ಹೋಗುವಷ್ಟು ಅಗಲದ, ಆಳು ಮುಳುಗುವಷ್ಟು ಆಳದ ಬಿರುಕುಗಳು. ನೋಡಿದವರಿಗೆ ಅಯ್ಯೋ ಎನಿಸುತ್ತದೆ. ಆದರೆ ಅವು ನನ್ನ ಮೂಗಿನ ಹೊಳ್ಳೆಗಳು. ಅವುಗಳೊಳಗೆ ಗಾಳಿ ಇಳಿಯುತ್ತದೆ, ಮೇಲಿನ ಪುಡಿಮಣ್ಣು ಕೆಳಗೆ ಬೀಳುತ್ತದೆ. ಮತ್ತೆ ಮಳೆಗೆ ಉಬ್ಬಿದಾಗ ಕೆಳಗಿನದು ಮೇಲೆ ಸರಿಯುತ್ತದೆ. ಜನ ಬೆವರು ಸುರಿಸಿ ಮಾಡುವ ಉಳುಮೆಯನ್ನು ನಾನು ನಿದ್ದೆಯಲ್ಲಿ ಮಗ್ಗಲು ಬದಲಿಸುತ್ತ ಮಾಡಿಕೊಳ್ಳುತ್ತಿದ್ದೆ. ಕುಡಿದು ಹೆಚ್ಚಾದ ನೀರು ಮೂಡಣ ಅಂಚಿನಲ್ಲಿದ್ದ ಸಣ್ಣ ಹಳ್ಳಕ್ಕೆ ಇಳಿದು ನದಿಗೆ ಹೋಗುತ್ತಿತ್ತು.

ನನ್ನ ಯಜಮಾನ ಪಾಯಪ್ಪನಿಗೆ ಇದೆಲ್ಲ ಗೊತ್ತಿತ್ತೋ, ಅಥವಾ ಅವನೂ ನನ್ನಂತೆ ಸೋಮಾರಿಯಾಗಿದ್ದನೋ, ಅಂತೂ ಬೇಸಿಗೆಯಲ್ಲಿ ಅವನು ನನ್ನ ತಂಟೆಗೆ ಬರುತ್ತಿರಲಿಲ್ಲ. ಒಂದು ಬೇಸಿಗೆ ಅವನ ಮಗ ನೇಮಣ್ಣನ ಹೊಸ ಹೆಂಡತಿ ಚಂಪವ್ವ ಜೋಳದ ಕೂಳೆ ಆಯಲು ಬಂದಳು. ಅವಳ ಕಾಲುಂಗುರ ಸಡಿಲವಾಗಿತ್ತು. ಬಿರುಕು ದಾಟುವಾಗ ಜಾರಿ ಒಳಗೆ ಬಿತ್ತು. ತವರಿನ ಬೆಳ್ಳಿ. ಹುಡುಗಿ ನೆಲಕ್ಕೆ ಮಲಗಿ, ಭುಜದವರೆಗೆ ಕೈ ಇಳಿಸಿ ತಡಕಾಡಿದಳು. ಆ ಕೈಯ ಬಿಸಿ ನನಗೆ ಇಂದಿಗೂ ನೆನಪಿದೆ. ಉಂಗುರ ಇನ್ನೂ ಕೆಳಗೆ ಹೋಗಿತ್ತು. ಅವಳು ಅಳತೊಡಗಿದಾಗ ಪಾಯಪ್ಪ ನಕ್ಕ.

"ಅಳಬ್ಯಾಡವ್ವಾ. ನಮ್ಮ ಎರಿ ಏನೂ ನುಂಗೂದಿಲ್ಲ. ಒಳಗಿಂದು ಮ್ಯಾಗ ತರತೈತಿ. ನಿಧಾನಕ ತರತೈತಿ, ಅಷ್ಟ."

ನನ್ನ ಪರವಾಗಿ ಅವನೇ ಮಾತು ಕೊಟ್ಟುಬಿಟ್ಟ. ನನ್ನನ್ನು ಒಂದು ಮಾತು ಕೇಳಲಿಲ್ಲ. ಆದರೂ ಅಂದಿನಿಂದ ಆ ಉಂಗುರ ನನ್ನ ಜವಾಬ್ದಾರಿಯಾಯಿತು.

ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆಗೆ ಮನೆಯವರೆಲ್ಲ ಸಜ್ಜೆ ರೊಟ್ಟಿ, ಕಡುಬು, ಹೋಳಿಗೆ ಕಟ್ಟಿಕೊಂಡು ನನ್ನಲ್ಲಿಗೆ ಬರುತ್ತಿದ್ದರು. ಉಣ್ಣುವ ಮೊದಲು ಮಣ್ಣಿಗೆ ಉಣಿಸಬೇಕು. ಅಡುಗೆಯನ್ನೆಲ್ಲ ಕಲಸಿದ ಚರಗವನ್ನು ಒಬ್ಬರು ಕೂಗು ಹಾಕುತ್ತ ಮುಂದೆ ಚೆಲ್ಲುತ್ತ ಹೋಗುವುದು, ಇನ್ನೊಬ್ಬರು ಹಿಂದಿನಿಂದ ಅದರ ಮೇಲೆ ನೀರು ಚಿಮುಕಿಸುತ್ತ ಬರುವುದು. ಮುಂದಿನವರು ಹೋದಲ್ಲಿ ಹಿಂದಿನವರು ಹೋಗಲೇಬೇಕು. ನಡುವೆ ನಿಲ್ಲುವಂತಿಲ್ಲ. ಪಾಯಪ್ಪ ಚರಗವನ್ನು ನನ್ನ ನಾಲ್ಕು ಮೂಲೆಗಳಿಗೆ ಚೆಲ್ಲಿ, ಕೊನೆಗೆ ಹಳ್ಳದ ಗುಂಟ ನಡೆದು ಅದರ ಬಾಯಿಯವರೆಗೂ ಚೆಲ್ಲುತ್ತಿದ್ದ. "ಇದೂ ದುಡಿತೈತಿ, ಇದಕ್ಕೂ ಹಸಿವಿರತೈತಿ," ಎನ್ನುತ್ತಿದ್ದ. ಅವನಿಗೆ ಕೈಲಾಗದಾದ ಮೇಲೆ ಆ ಕೆಲಸ ಚಂಪವ್ವನಿಗೆ ಬಂತು. ನೀರಿನ ತಂಬಿಗೆ ನೇಮಣ್ಣನ ಕೈಗೆ ಬಂತು.

ಪಾಯಪ್ಪ ಹೋದ ಮೇಲೆ ನೇಮಣ್ಣ ಯಜಮಾನನಾದ. ಅವನು ಕೆಟ್ಟವನಲ್ಲ. ನನ್ನನ್ನು ಪಾಯಪ್ಪನಿಗಿಂತ ಹೆಚ್ಚು ಪ್ರೀತಿಸಿದ, ನನಗೆ ಮುಳುವಾದದ್ದು ಅದೇ. ನದಿಯಿಂದ ಪೈಪಿನಲ್ಲಿ ನೀರು ಬಂದಾಗ ಊರಿಗೆ ಊರೇ ಕಬ್ಬು ಹಚ್ಚಿತು, ಇವನೂ ಹಚ್ಚಿದ. ಮೊದಲ ಬೇಸಿಗೆಯಲ್ಲಿ ನಾನು ಎಂದಿನಂತೆ ಬಿರಿಯತೊಡಗಿದೆ. ನೇಮಣ್ಣ ಬದುವಿನ ಮೇಲೆ ನಿಂತು ಮರುಗಿದ.

"ನೋಡ ಚಂಪಾ, ಹೆಂಗ ಬಾಯಿ ತಗದೈತಿ. ಪಾಪ, ನೀರಡಿಸೈತಿ."

ನೀರು ಬಿಟ್ಟ. ನಾನು ಕುಡಿದೆ, ಬಿರುಕು ಮುಚ್ಚಿತು, ಅವನಿಗೆ ಸಮಾಧಾನವಾಯಿತು. ಮತ್ತೆ ಬಿರಿಯಲು ನೋಡಿದೆ, ಮತ್ತೆ ಬಿಟ್ಟ. ಉಸಿರಿಗೆಂದು ಮೂಗು ತೆರೆದವನಿಗೆ ತಾಯಿ ಹಾಲು ಹೊಯ್ದಂತೆ ಆಯಿತು. ಹೇಳೋಣವೆಂದರೆ ನನಗೆ ನಾಲಿಗೆಯಿಲ್ಲ. ಅದೂ ಸಾಲದೆಂದು, ಒಂದು ವರ್ಷ ಗಾಡಿಗಟ್ಟಲೆ ಮಡ್ಡಿ ದಿಬ್ಬದ ಕೆಂಪು ಮಣ್ಣು ಹೊಡೆದು ಹಳ್ಳವನ್ನೇ ಮುಚ್ಚಿ, ಆ ಪಟ್ಟಿಗೂ ಕಬ್ಬು ಹಚ್ಚಿದ. ನಾಲ್ಕು ಸಾಲು ಹೆಚ್ಚು ಬಂತೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಚಂಪವ್ವ ಮಾತ್ರ ಎಳ್ಳ ಅಮಾವಾಸ್ಯೆಗೆ ಆ ಕಬ್ಬಿನ ಅಂಚಿಗೆ ನಿಂತು, ಹಳ್ಳವಿದ್ದ ದಿಕ್ಕಿಗೆ ಒಂದು ಹಿಡಿ ಚರಗ ಎಸೆಯುತ್ತಿದ್ದಳು.

ಆಮೇಲಿನ ವರ್ಷಗಳನ್ನು ನಾನು ಕನಸಿನಲ್ಲಿ ಕಳೆದೆ. ಒಳ್ಳೆಯ ಕನಸಲ್ಲ. ಹೊರಹೋಗಲು ದಾರಿ ಇಲ್ಲದ ನೀರು ನನ್ನೊಳಗೆ ನಿಂತಿತು. ಕೆಳಗಿನ ಪದರ ಬೂದಿಬಣ್ಣಕ್ಕೆ ತಿರುಗಿತು, ಅದರ ಕೆಳಗೆ ನೀಲಿ ಛಾಯೆ. ನನಗೆ ಮತ್ತೆ ಗುಡ್ಡ ಕಾಣುತ್ತಿತ್ತು, ಆಳೆತ್ತರದ ಹುಲ್ಲು ನೀರಿನಡಿ ಸದ್ದಿಲ್ಲದೆ ತೂಗುತ್ತಿತ್ತು. ಯಾರೋ ಮೇಲೆ ಓಡಾಡುತ್ತಿದ್ದರು, ಹೆಜ್ಜೆ ಬಹಳ ದೂರದಲ್ಲಿ ಕೇಳುತ್ತಿತ್ತು. ಬೇರುಗಳು ಒಂದು ಗೇಣು ಇಳಿದು, ಕೆಳಗೆ ಗಾಳಿ ಇಲ್ಲದೆ ಹಿಂದಕ್ಕೆ ಹೋಗುತ್ತಿದ್ದವು. ಮಗ್ಗಲು ಬದಲಿಸುವುದು ನಿಂತೇ ಹೋಯಿತು. ಉಂಗುರ ಇದ್ದಲ್ಲಿಯೇ ಇತ್ತು. ಕೊಟ್ಟ ಮಾತು ನೆನಪಾದಾಗಲೆಲ್ಲ ಸಂಕಟವಾಗುತ್ತಿತ್ತು.

ಮೇಲೆ ಬಿಳಿ ಉಪ್ಪು ಹೂವಿನಂತೆ ಅರಳಿತು. ಉಪ್ಪೇರಿ ಸವಳು ಬಂತು, ನೀರು ನಿಂತು ಜವಳು ಬಿತ್ತು ಎಂದರು. ಕಬ್ಬು ಹಳದಿಯಾಗಿ ಮೊಣಕಾಲೆತ್ತರಕ್ಕೆ ನಿಂತಿತು. ನೇಮಣ್ಣ ಗೊಬ್ಬರ ಹಾಕಿದ, ಹರಕೆ ಹೊತ್ತ, ಇನ್ನಷ್ಟು ನೀರು ಬಿಟ್ಟ. ಚೆನ್ನಾಗಿ ಬೆಳೆಯುತ್ತಿದ್ದುದು ಹಳ್ಳ ಮುಚ್ಚಿದ ಎತ್ತರದ ಪಟ್ಟಿಯ ಕಬ್ಬು ಮಾತ್ರ. ಕೊನೆಗೆ ಇಟ್ಟಿಗೆ ಭಟ್ಟಿಯವನು ಬಂದ. ನನ್ನನ್ನು ಹಿಡಿಯಲ್ಲಿ ಹಿಸುಕಿ ನೋಡಿ, ಆಳೆತ್ತರ ತೋಡಿ ಒಯ್ಯುತ್ತೇನೆ ಎಂದ. ಅಂದರೆ ಗುಡ್ಡದಿಂದ ಇಳಿದ ನಾನು ಅಚ್ಚಿಗೆ ಬಿದ್ದು, ಬೆಂಕಿಯಲ್ಲಿ ಬೆಂದು, ಮತ್ತೆ ಕಲ್ಲಾಗಬೇಕು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಮಣ್ಣ ಕೊಟ್ಟ ಮ್ಯಾಲ ಉಳಿಯೂದು ಹೊಂಡ," ಎಂದಳು ಚಂಪವ್ವ. "ಹೊಂಡದಾಗ ಏನ ಬಿತ್ತೂಣ್ರಿ? ನನಗ ಇಲ್ಲಿ ಮತ್ತ ಜ್ವಾಳ ನೋಡೂದೈತಿ."

"ಸತ್ತ ಮಣ್ಣ ಇಟಗೊಂಡ ಏನ ಮಾಡ್ತಿ?" ಎಂದ ನೇಮಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸೋಲಿತ್ತು.

ಅದೇ ದಿನಗಳಲ್ಲಿ ಜವಳು ಭೂಮಿಗಳನ್ನು ಪರೀಕ್ಷೆ ಮಾಡಲು ಶಾಹೀನ ಎಂಬ ಅಧಿಕಾರಿ ಬಂದಳು. ಕೂಲಿಗಳಿಂದ ನನ್ನಲ್ಲಿ ಆಳೆತ್ತರದ ಗುಂಡಿ ತೋಡಿಸಿ, ತಾನೇ ಒಳಗೆ ಇಳಿದಳು. ಅಷ್ಟು ಒಳಗಿನಿಂದ ನನ್ನನ್ನು ಯಾರೂ ನೋಡಿರಲಿಲ್ಲ, ಸ್ವಲ್ಪ ನಾಚಿಕೆಯಾಯಿತು. ಅವಳು ಚಾಕುವಿನಿಂದ ಪದರ ಪದರ ಕೆರೆದಳು. ಬಣ್ಣದ ಚೀಟಿಗಳ ಪುಸ್ತಕ ಹಿಡಿದು ನನ್ನ ಕಪ್ಪನ್ನು, ಬೂದಿಯನ್ನು ಹೋಲಿಸಿದಳು. ನನ್ನ ಒಂದು ಉಂಡೆಯನ್ನು ನೀರಿನಲ್ಲಿ ನಾದಿ, ಬೆರಳುಗಳ ನಡುವೆ ಪಟ್ಟಿಯಂತೆ ಎಳೆದಳು, ಅದು ತುಂಡಾಗದೆ ಉದ್ದಕ್ಕೆ ಬಂತು. ನನ್ನೊಳಗಿನ ಸುಣ್ಣದ ಹರಳುಗಳ ಮೇಲೆ ಆಮ್ಲದ ಹನಿ ಹಾಕಿದಾಗ ಅವು ಬುಸ್ಸೆಂದು ನೊರೆಗೂಡಿದವು. ಹಿಂದೊಮ್ಮೆ ನಾನು ಮಗ್ಗಲಾಗುವಾಗ ಒಂದಕ್ಕೊಂದು ಉಜ್ಜಿ ನುಣುಪಾದ ಹೊಳೆವ ಮೈಗಳನ್ನು ಬೆರಳಿನಿಂದ ಸವರಿದಳು. ಬೂದಿಯ ನಡುವೆ ಬೇರಿನ ಜಾಡಿನಲ್ಲಿ ಉಳಿದಿದ್ದ ತುಕ್ಕಿನ ಬಣ್ಣದ ಚುಕ್ಕೆಗಳನ್ನು ಬಹಳ ಹೊತ್ತು ನೋಡಿದಳು.

"ಅವ್ವಾರ, ಇದು ಸತ್ತಿಲ್ರಿ," ಎಂದಳು ಗುಂಡಿಯೊಳಗಿನಿಂದ ಮುಖ ಎತ್ತಿ. "ಈ ಕೆಂಪು ಚುಕ್ಕಿ ಅದಾವಲ್ಲ, ಅಲ್ಲಿ ಇನ್ನೂ ಗಾಳಿ ಆಡತೈತಿ. ಭಾಳ ಆಳದ ಎರಿ ಇದು, ಜಾತಿ ಚೊಲೋ. ನೀರು ಬಸಿಯೂದಿಲ್ಲ, ಅದ ರೋಗ. ಉಸಿರು ಕಟ್ಟೈತಿ."

ಚಂಪವ್ವ ಗುಂಡಿಯ ಅಂಚಿಗೆ ಕುಳಿತುಬಿಟ್ಟಳು. ನೇಮಣ್ಣ ಕೇಳಿದ, "ಔಷಧ ಏನರೀ?"

"ನೆಲದಾಗ ತೂತಿನ ಪೈಪು ಹಾಕಿ ನೀರು ಬಸಿಸಬೇಕ್ರಿ. ಆದರ ಬಸಿದ ನೀರು ಹೊರಗ ಹೋಗಾಕ ತಗ್ಗಿನ ದಾರಿ ಬೇಕು. ದಾರಿ ಇದ್ದರ ಸುಧಾರಿಸೂ ವರ್ಗಕ್ಕ ಬರೀತೀನಿ, ಸರ್ಕಾರದಿಂದ ಪೈಪು ಬರತಾವ. ಇಲ್ಲಂದ್ರ ಬೇಸಾಯಕ್ಕ ಬಾರದ್ದು ಅಂತ ಬರೀಬೇಕಾಗತೈತಿ. ಇಲ್ಲಿ ಯಾವದರ ಹಳ್ಳ ಇತ್ತೇನ್ರಿ?"

ನೇಮಣ್ಣ ಕಬ್ಬಿನ ಪಟ್ಟಿಯ ಕಡೆ ನೋಡಲಿಲ್ಲ. ನೆಲ ನೋಡಿದ, ಅಂದರೆ ನನ್ನನ್ನೇ ನೋಡಿದ.

"ಇಲ್ರಿ," ಎಂದ. "ಯಾವ ಹಳ್ಳಾನೂ ಇರಲಿಲ್ಲ."

ಹೊರಗಿನವರ ಎದುರು ಗಂಡನ ಮಾತು ತೆಗೆದುಹಾಕುವುದು ಚಂಪವ್ವನಿಂದ ಆಗಲಿಲ್ಲ. ಶಾಹೀನ ಹಬ್ಬ ಮುಗಿದ ಮೇಲೆ ಮತ್ತೆ ಬರುತ್ತೇನೆ, ಬೇಕಾದರೆ ಯೋಚನೆ ಮಾಡಿಡಿ ಎಂದು ಹೇಳಿ ಹೋದಳು. ಮನೆಯಲ್ಲಿ ಗಂಡಹೆಂಡಿರ ನಡುವೆ ಏನು ನಡೆಯಿತೋ ನಾನರಿಯೆ, ಮನೆಯ ನೆಲ ಬೇರೆ ಮಣ್ಣಿನದು. ನೇಮಣ್ಣ ಯಾಕೆ ಹಾಗೆಂದ ಎಂಬುದು ಮಾತ್ರ ನನಗೆ ಅರ್ಥವಾಗಿತ್ತು. ತನ್ನ ಕೈಯಾರೆ ಮಾಡಿದ ಒಂದೇ ಒಳ್ಳೆಯ ಕೆಲಸ ಆ ಪಟ್ಟಿ ಎಂದು ಅವನು ತಿಳಿದಿದ್ದ. ಅದೂ ತಪ್ಪೆಂದು ಹೇಗೆ ಒಪ್ಪಿಯಾನು?

ಎಳ್ಳ ಅಮಾವಾಸ್ಯೆ ಬಂತು. ಚಂಪವ್ವ ಚರಗದ ಬುಟ್ಟಿ ಹಿಡಿದು ಮುಂದೆ, ನೇಮಣ್ಣ ನೀರಿನ ತಂಬಿಗೆ ಹಿಡಿದು ಹಿಂದೆ. ಮೂರು ಮೂಲೆ ಮುಗಿಯಿತು, ನಾಲ್ಕನೆಯದೂ ಆಯಿತು. ಪ್ರತಿವರ್ಷ ಅಂಚಿಗೆ ನಿಲ್ಲುತ್ತಿದ್ದವಳು ಈ ಸಲ ನಿಲ್ಲಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು, ಕೂಗು ಹಾಕುತ್ತ ಕಬ್ಬಿನೊಳಗೆ ನುಗ್ಗಿದಳು.

"ಅಲ್ಲ್ಯಾಕ ಹೊಂಟಿ?" ನೇಮಣ್ಣ ಗಾಬರಿಯಾದ.

ಅವಳು ಹಿಂತಿರುಗಲಿಲ್ಲ. "ಮಾಂವ ಹಾಕಿಕೊಟ್ಟ ದಾರಿ ಐತ್ರಿ. ನೀರ ಹಾಕ್ಕೋತ ಬರ್ರಿ. ನಡುವ ನಿಂದರಬಾರದು."

ನಿಲ್ಲುವಂತಿರಲಿಲ್ಲ. ಅವನು ಹೋದ. ಕಬ್ಬಿನ ಗರಿ ಮುಖಕ್ಕೆ ಗೀರುತ್ತಿದ್ದರೂ ಹೋದ. ಅವಳು ಹಳ್ಳ ಎಲ್ಲಿ ಬಾಗಿತ್ತೋ ಅಲ್ಲಿ ಬಾಗಿದಳು, ಎಲ್ಲಿ ಅಗಲವಾಗಿತ್ತೋ ಅಲ್ಲಿ ಎರಡೂ ಕಡೆಗೆ ಚೆಲ್ಲಿದಳು. ಅವನ ಕಾಲುಗಳಿಗೂ ಆ ಬಾಗು ನೆನಪಿತ್ತು, ಹುಡುಗನಾಗಿದ್ದಾಗ ಅದರಲ್ಲಿ ಏಡಿ ಹುಡುಕಿದವನು. ಎತ್ತರದ ಪಟ್ಟಿಯ ಮೇಲೆ ಅವನು ಚಿಮುಕಿಸಿದ ನೀರು ಬಿದ್ದ ಕೂಡಲೇ ಇಂಗುತ್ತಿತ್ತು. ಕೆಂಪು ಮಣ್ಣಿನ ಪಟ್ಟಿ ಮುಗಿದು, ನನ್ನ ಕಪ್ಪು ನೆಲದಲ್ಲಿ ಹಳ್ಳದ ಹಳೆಯ ಬಾಯಿ ಬಂತು. ಅಲ್ಲಿ ಚಂಪವ್ವ ಕೊನೆಯ ಹಿಡಿ ಚೆಲ್ಲಿ ಪಕ್ಕಕ್ಕೆ ಸರಿದಳು. ನೇಮಣ್ಣ ತಂಬಿಗೆಯಲ್ಲಿ ಉಳಿದದ್ದನ್ನೆಲ್ಲ ಸುರಿದ.

ನೀರು ಇಂಗಲಿಲ್ಲ. ನನ್ನ ಮೇಲೆ ಹಾಗೆಯೇ ನಿಂತಿತು. ಕಡುಬಿನ ಚೂರುಗಳು ಅದರಲ್ಲಿ ತೇಲಿದವು. ನಾನು ಕುಡಿಯಲು ನೋಡಿದೆ, ದೇವರಾಣೆಗೂ ನೋಡಿದೆ, ಆಗಲಿಲ್ಲ. ನೇಮಣ್ಣ ಖಾಲಿ ತಂಬಿಗೆಯನ್ನು ಪಕ್ಕಕ್ಕಿಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಅಂಗೈಯನ್ನು ನನ್ನ ಮೇಲೆ ಇಟ್ಟ.

"ನೀರಡಿಸೈತಿ ಅಂತ ತಿಳಿದಿದ್ನಿ," ಎಂದ. ಅವನ ಕಣ್ಣು ತುಂಬಿತ್ತು.

"ನನಗೂ ಹಂಗ ಅನಿಸಿತ್ತರಿ," ಎಂದಳು ಚಂಪವ್ವ.

"ಕಬ್ಬ ಕಡಸ್ತೀನಿ. ಆ ಮೇಡಂಗ ಹಳ್ಳ ಇತ್ತು ಅಂತ ಹೇಳಿಬಿಡು."

"ನೀವ ಹೇಳ್ರಿ."

ಅವನೇ ಹೇಳಿದ. ಕಬ್ಬು ಕಡಿಸಿ, ಜೆಸಿಬಿಯ ಮುಂದೆ ತಾನೇ ನಡೆದು ಬಾಗುಗಳನ್ನು ತೋರಿಸಿ ಹಳ್ಳ ತೆಗೆಸಿದ. ಪೈಪುಗಳು ಬಂದು ನನ್ನೊಳಗೆ ಮಲಗಿದವು. ಒಂದು ಮಧ್ಯಾಹ್ನ ಹಳ್ಳದ ದಂಡೆಯ ಪೈಪಿನ ಬಾಯಿಂದ ಮೊದಲ ನೀರು ತೊಟ್ಟಿಕ್ಕಿತು. ಕೊಳೆತ ಮೊಟ್ಟೆಯ ವಾಸನೆಯ ನೀರು. ನೇಮಣ್ಣ ಮೂಗು ಮುಚ್ಚಿಕೊಂಡು ನಕ್ಕ. ನನಗೆ ಮಾತ್ರ ಎದೆಯ ಮೇಲೆ ಕುಳಿತಿದ್ದವರು ಎದ್ದುಹೋದಂತಾಯಿತು. ಕನಸಿನ ಹುಲ್ಲು ತೂಗುವುದು ನಿಂತು, ಮೇಲಿನ ಹೆಜ್ಜೆಗಳು ಹತ್ತಿರದಲ್ಲಿ ಕೇಳತೊಡಗಿದವು.

ಉಪ್ಪು ತೊಳೆದುಹೋಗಲು ಹಲವು ಮಳೆಗಾಲಗಳೇ ಬೇಕಾದವು. ಈಗ ನನ್ನ ಮೇಲೆ ಹಿಂಗಾರಿಗೆ ಬಿಳಿಜೋಳ ನಿಲ್ಲುತ್ತದೆ. ಚಂಪವ್ವನಿಗೆ ಮೊಣಕಾಲು ನೋವು, ಆದರೂ ಕೋಲೂರಿಕೊಂಡು ಬರುತ್ತಾಳೆ. ನನಗೂ ವಯಸ್ಸಾಗಿದೆ, ಆದರೆ ನಾನು ಮುಂಚಿನಿಂದಲೂ ಮುದುಕನೇ. ಮಣ್ಣಿಗೆ ಬಡವ ಯಜಮಾನ, ಶ್ರೀಮಂತ ಯಜಮಾನ ಎಂದಿಲ್ಲ. ಬಿರಿದಾಗ ಬಿರಿಯಲು ಬಿಡುವವನು ಸಿಕ್ಕರೆ ಸಾಕು.

ಈ ಬೇಸಿಗೆ ನಾನು ತೋಳು ಇಳಿಯುವಷ್ಟು ಅಗಲಕ್ಕೆ ಬಿರಿದೆ. ನೇಮಣ್ಣ ಹಳೆಯ ಅಭ್ಯಾಸದಿಂದ ಸಲಿಕೆ ಹಿಡಿದು ನೀರಿನ ಕಡೆಗೆ ಹೊರಟ.

"ಬ್ಯಾಡ್ರಿ," ಎಂದಳು ಚಂಪವ್ವ. "ಉಸಿರಾಡ್ಲಿ ಬಿಡ್ರಿ."

ಅವನು ಸಲಿಕೆ ಊರಿ ನಿಂತ. ಅವಳು ಬಿರುಕಿನ ಪಕ್ಕದಲ್ಲಿ ಕಷ್ಟಪಟ್ಟು ಕುಳಿತು, ಆಮೇಲೆ ಮಲಗಿ, ಹೊಸ ಸೊಸೆಯಾಗಿದ್ದಾಗ ಮಾಡಿದಂತೆ ಭುಜದವರೆಗೆ ಕೈ ಇಳಿಸಿದಳು. ಉಂಗುರಕ್ಕಾಗಿ ಅಲ್ಲ, ಅದನ್ನು ಅವಳು ಎಂದೋ ಮರೆತಿರಬೇಕು. ಒಳಗಿನ ಗಾಳಿ ಮುಟ್ಟಿ ನೋಡಲು. ಕೈಯ ಬಿಸಿ ಹಾಗೆಯೇ ಇದೆ, ಚರ್ಮ ಮಾತ್ರ ಸಡಿಲವಾಗಿದೆ.

ನಾನು ಮರೆತಿಲ್ಲ. ಅವಳ ಬೆರಳ ತುದಿಗೂ ಉಂಗುರಕ್ಕೂ ನಡುವೆ ಇನ್ನು ಒಂದು ಗೇಣು ಉಳಿದಿದೆ. ಅವಳಿರುವಾಗಲೇ ಮುಟ್ಟಿಸಬೇಕೆಂದು ನನ್ನ ಆಸೆ. ಮುಂದಿನ ಮಳೆಗೆ ಉಬ್ಬುತ್ತೇನೆ, ಬೇಸಿಗೆಗೆ ಬಿರಿಯುತ್ತೇನೆ, ಮಗ್ಗಲು ಬದಲಿಸುತ್ತೇನೆ. ನಿಧಾನಕ್ಕೆ ತರುತ್ತಿದ್ದೇನೆ, ಅಷ್ಟೆ.