ನೆಲಕ್ಕೆ ಬಿದ್ದದ್ದೆಲ್ಲ ನನ್ನದು

ನಮ್ಮ ಮನೆಯಲ್ಲಿ ಒಂದು ಒಪ್ಪಂದವಿದೆ. ಅಕ್ಕನ ಹೊಲಿಗೆ ಮೇಜಿನ ಮೇಲಿರುವುದೆಲ್ಲ ಅಕ್ಕನದು, ಅಲ್ಲಿಂದ ನೆಲಕ್ಕೆ ಬಿದ್ದದ್ದೆಲ್ಲ ನನ್ನದು. ಬಟ್ಟೆಯ ಚೂರು, ದಾರದ ಸಿಕ್ಕು, ಒಡೆದ ಗುಂಡಿ, ಕಿತ್ತುಹೋದ ಜಿಪ್ಪು, ಏನೇ ಇರಲಿ, ಬೆಳಿಗ್ಗೆ ಅವಳು ಕಸ ಗುಡಿಸುವ ಮುಂಚೆ ನಾನು ಬುಟ್ಟಿ ಹಿಡಿದು ಮೊಣಕಾಲೂರಿ ಆರಿಸಿಕೊಂಡು ಮಹಡಿ ಹತ್ತುತ್ತೇನೆ. "ಕೋಳಿ ಕೆದಕಿದ ಹಾಗೆ ಕೆದಕ್ತಾನೆ" ಎಂದು ಅವಳು ಗಿರಾಕಿಗಳ ಮುಂದೆ ನಗುವುದುಂಟು. ನಗಲಿ ಬಿಡಿ. ಆ ಚೂರುಗಳನ್ನೇ ಅಂಟಿಸಿ ನಾನು ಮಾಡುವ ಕೊಲಾಜ್‌ಗಳನ್ನು ನೋಡಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ "ಹ್ಞೂಂ, ಪರವಾಗಿಲ್ಲ" ಎನ್ನುವವಳೂ ಅವಳೇ.

ನಾನು ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಪ್ರಿಂಟು ಹೊಡೆದ ಫ್ಲೆಕ್ಸ್ ಬಂದು ನಮ್ಮ ಕಸುಬನ್ನು ನುಂಗಿ ನೀರು ಕುಡಿಯಿತು. ಬ್ರಷ್ಷು ಹೋಯಿತು, ಕಣ್ಣು ಮಾತ್ರ ಹಾಗೇ ಉಳಿಯಿತು. ಒಂದಕ್ಷರ ಕೂದಲೆಳೆಯಷ್ಟು ವಾಲಿದರೂ ನನಗೆ ಊಟ ಸೇರುವುದಿಲ್ಲ. ಯಾರದೋ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೊ ನೆಟ್ಟಗೆ ಮಾಡದೆ ಕೂರುವವನಲ್ಲ. ಈ ಕಣ್ಣಿನ ಬಗ್ಗೆ ನನಗೆ ಜಂಬ ಇತ್ತು ಅಂತಲೇ ಇಟ್ಟುಕೊಳ್ಳಿ.

ಆವತ್ತು ಬೆಳಿಗ್ಗೆ ಮಹಡಿಯ ಕೋಣೆಯಲ್ಲಿ ಹೊಸ ಕೊಲಾಜ್ ಮುಂದೆ ಕೂತಿದ್ದೆ. ರಟ್ಟಿನ ಹಲಗೆಯ ಮೇಲೆ ಚಹಾ ನೀರಲ್ಲಿ ಅದ್ದಿ ಒಣಗಿಸಿದ ದಪ್ಪ ಕಂದು ಕಾಗದ, ಅದರ ಮೇಲೆ ತೆಳ್ಳನೆಯ ಟಿಶ್ಯೂ ಕಾಗದದ ಪದರಗಳು. ಚೆನ್ನಾಗಿ ಬಂದಿತ್ತು. ಅಷ್ಟರಲ್ಲಿ ಕೆಳಗಿನಿಂದ ಅಕ್ಕನ ದನಿ ಬಂತು.

"ಲೋ, ಟೇಬಲ್ ಮೇಲೆ ಒಂದು ಕಂದು ಪೇಪರ್ ಇತ್ತಲ್ಲ, ನೋಡಿದ್ಯಾ?"

"ಯಾವ ಪೇಪರ್ರು?"

"ಲಾಯರ್ ಹುಡುಗಿ ಕೋಟಿಂದು ಕಣೋ. ಬೆನ್ನಿನ ಪೇಪರ್. ಮಧ್ಯಾಹ್ನ ಬಟ್ಟೆ ತರ್ತಾಳೆ ಅವಳು."

ನನ್ನ ಕಣ್ಣು ಎದುರಿನ ಹಲಗೆಯ ಕಂದು ಕಾಗದಕ್ಕೆ ಹೋಯಿತು. "ನೋಡಿಲ್ಲಕ್ಕ" ಎಂದುಬಿಟ್ಟೆ. ಬಾಯಿ ತಾನಾಗಿಯೇ ಅಂದುಬಿಟ್ಟಿತು.

ಆ ಹುಡುಗಿ ಯಾರೆಂದು ಹೇಳಬೇಕು. ಹೊಸದಾಗಿ ಲಾಯರ್ ಆದವಳು. ಹುಟ್ಟಿನಿಂದ ಬೆನ್ನು ಓರೆ, ಬಲಭುಜ ಮೇಲೆದ್ದು ನಿಂತಿದೆ. ಅಂಗಡಿಯ ಯಾವ ಕೋಟೂ ಅವಳ ಮೈಮೇಲೆ ಕೂರುವುದಿಲ್ಲ. ಮೊದಲ ಸಲ ಬಂದಾಗ ಅಕ್ಕ ಟೇಪು ಬಿಚ್ಚಿದ್ದೇ ತಡ, ಹುಡುಗಿ ಗೋಡೆಗೆ ಅಂಟಿಕೊಂಡು ಅಳಲು ಶುರುಮಾಡಿದಳು. ಚಿಕ್ಕಂದಿನಿಂದ ಡಾಕ್ಟರುಗಳು, ಬೆನ್ನಿಗೆ ಬೆಲ್ಟು ಮಾಡುವವರು, ದರ್ಜಿಗಳು, ಎಲ್ಲರೂ ಅವಳನ್ನು ನಿಲ್ಲಿಸಿ ಅಳೆದವರೇ. ಅಕ್ಕ ಟೇಪು ಸುತ್ತಿ ಒಳಗಿಟ್ಟಳು. ಹಳೇ ಬಟ್ಟೆಯೊಂದನ್ನು ಹೊದಿಸಿ, ಬರೀ ಕಣ್ಣಳತೆಯಲ್ಲಿ ಪಿನ್ನು ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚಿ, ಹುಡುಗಿಯನ್ನು ಎಷ್ಟೋ ಸಲ ಕರೆಸಿ, ಕೊನೆಗೆ ಆ ಬೆನ್ನನ್ನು ಇದ್ದ ಹಾಗೇ ಕಂದು ಕಾಗದಕ್ಕೆ ಇಳಿಸಿದಳು. ಆವತ್ತು ಅವಳು ಹುಡುಗಿಗೆ ಹೇಳಿದ್ದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿದ್ದೆ: "ಇನ್ಮೇಲೆ ನಿನ್ನನ್ನ ಯಾರೂ ಅಳೆಯೋದು ಬೇಡ ತಾಯಿ. ಈ ಪೇಪರ್ ಇದ್ರೆ ಸಾಕು. ನೀನು ಬಟ್ಟೆ ತಂದುಕೊಡು, ಅಷ್ಟೆ."

ಮಾತು ನೆನಪಿತ್ತು, ಕಾಗದದ ಗುರುತು ಸಿಕ್ಕಿರಲಿಲ್ಲ. ದರ್ಜಿಗಳು ಬೆನ್ನಿನ ಅರ್ಧ ಭಾಗವನ್ನಷ್ಟೇ ಕಾಗದದಲ್ಲಿ ಕತ್ತರಿಸುತ್ತಾರೆ. ಬಟ್ಟೆ ಮಡಚಿ, ಕಾಗದವನ್ನು ಅದರ ಮೇಲಿಟ್ಟು ಕತ್ತರಿಸಿದರೆ ಎರಡೂ ಕಡೆ ಒಂದೇ ಥರ ಬರುತ್ತದೆ. ಮೊನ್ನೆ ಫ್ಯಾನಿನ ಗಾಳಿಗೆ ಹಾರಿ ನೆಲದ ಮೇಲೆ ಬಿದ್ದಿದ್ದ ಈ ಕಾಗದ ಇಡೀ ಬೆನ್ನಿನದು. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅಕ್ಕನ ಕತ್ತರಿ ಜಾರಿರಬೇಕು, ಬಿಸಾಕಿದ್ದಾಳೆ ಅಂದುಕೊಂಡು ನಾನು ಹಿಗ್ಗುತ್ತ ಎತ್ತಿಕೊಂಡು ಬಂದಿದ್ದೆ.

ಬಾಗಿಲು ಹಾಕಿಕೊಂಡೆ. ಮೈದಾ ಅಂಟಾದರೆ ಹಬೆಗೆ ಬಿಡುತ್ತದೆ, ಬಿಳಿ ಗೋಂದು ಜಪ್ಪಯ್ಯ ಎಂದರೂ ಬಿಡುವುದಿಲ್ಲ. ನಾನು ಯಾವುದನ್ನು ಎಲ್ಲಿ ಬಳಿದಿದ್ದೆನೋ ನೆನಪಾಗಲೊಲ್ಲದು. ಕೆಟಲಿನಲ್ಲಿ ನೀರು ಕುದಿಸಿ, ಹಲಗೆಯ ಕೆಳಮೂಲೆಗೆ ಹಬೆ ಹಿಡಿದು, ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಲು ನೋಡಿದೆ. ಚಹಾದಲ್ಲಿ ಒಮ್ಮೆ ನೆನೆದಿದ್ದ ಕಾಗದ ಮುದ್ದೆಯಾಗಿ ಚಾಕುವಿಗೆ ಮೆತ್ತಿಕೊಂಡಿತು. ಕೆಟಲು ಆರಿಸಿದೆ. ಕೆಳಗೆ ಅಕ್ಕ ಒಂದೊಂದೇ ಡ್ರಾಯರು ಎಳೆದು ಮುಚ್ಚುವ ಸದ್ದು ಕೇಳುತ್ತಲೇ ಇತ್ತು. ಕೊನೆಗೆ ಆ ಸದ್ದು ತಡೆಯಲಾರದೆ ಹಲಗೆ ಎತ್ತಿಕೊಂಡು ಇಳಿದೆ.

"ಅಕ್ಕ, ಅದು ಇಲ್ಲಿದೆ."

ಅವಳು ಹಲಗೆ ನೋಡಿದಳು, ನನ್ನ ಮುಖ ನೋಡಿದಳು. ಬೈದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಸ್ಟೂಲಿನ ಮೇಲೆ ಕುಕ್ಕರಿಸಿದಳು.

"ಕೇಳಬಾರ್ದಿತ್ತೇನೋ ಒಂದ್ಮಾತು?"

"ನೆಲದ ಮೇಲಿತ್ತಲ್ಲ ಅಂತ..."

"ನೆಲದ ಮೇಲೆ ನಾನು ಬಿದ್ದಿದ್ರೆ ನನ್ನನ್ನೂ ಅಂಟಿಸ್ತಿದ್ದೆ ನೀನು." ಹಲಗೆಯನ್ನು ಮೇಜಿನ ಮೇಲೆ ಇಡಿಸಿ ಹೇಳಿದಳು, "ಸೋಮವಾರ ಮೊದಲನೇ ಸಲ ಜಡ್ಜ್ ಮುಂದೆ ನಿಂತ್ಕೋತಾಳೆ ಅವಳು. ಈಗ ಯಾವ ಮುಖ ಇಟ್ಕೊಂಡು ಟೇಪ್ ಹಿಡಿಲಿ? ನೀನೇ ಹೇಳು ಅವಳಿಗೆ. ನನ್ನ ಕೈಲಾಗಲ್ಲ."

ನಾನು ಹಲಗೆಯ ಮೇಲೆ ಸುಮ್ಮನೆ ಕೈಯಾಡಿಸುತ್ತ ನಿಂತೆ. ಆಗ ಬೆರಳಿಗೆ ಏನೋ ತಗುಲಿತು. ಟಿಶ್ಯೂ ಪದರಗಳ ಅಡಿಯಲ್ಲಿ ಕಂದು ಕಾಗದದ ಅಂಚು ಸಣ್ಣ ಏಣಿನ ಹಾಗೆ ಎದ್ದು ನಿಂತಿತ್ತು. ಚಿಕ್ಕವರಿದ್ದಾಗ ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಅದೇ ನೆನಪಾಯಿತು. ಕೊಲಾಜ್‌ನಲ್ಲೂ ನಾನು ಮರದ ತೊಗಟೆ, ಜಾಲರಿಗಳ ಮೇಲೆ ಹಾಗೆ ಉಜ್ಜಿ ವಿನ್ಯಾಸ ತೆಗೆದದ್ದಿದೆ.

"ಅಕ್ಕ, ದೊಡ್ಡ ಹಾಳೆ ಕೊಡು. ತೆಳ್ಳಗಿರೋದು."

ಹಾಳೆ ಹಾಸಿ, ಅವಳು ಎರಡು ತುದಿ ಒತ್ತಿ ಹಿಡಿದಳು. ನಾನು ಮೆತ್ತನೆ ಪೆನ್ಸಿಲನ್ನು ಮಲಗಿಸಿ ಉಜ್ಜುತ್ತ ಬಂದೆ. ಬೂದು ಬಣ್ಣದ ನಡುವೆ ಕಪ್ಪು ಗೆರೆ ಮೂಡತೊಡಗಿತು. ಕತ್ತು, ಎಡಭುಜ, ತೋಳಿನ ತಿರುವು, ಓರೆಯಾಗಿ ಇಳಿಯುವ ಬೆನ್ನು. ಹಬೆಗೆ ಹಾಳಾದ ಮೂಲೆ ಬರಲಿಲ್ಲ. "ಅದು ನೇರ ಗೆರೆ, ನಾನು ಎಳ್ಕೋತೀನಿ" ಎಂದಳು ಅಕ್ಕ. ಅವಳ ದನಿಗೆ ಜೀವ ಬಂದಿತ್ತು.

ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದವಳು ಹಾಗೇ ನಿಂತಳು.

"ಇದು ಅವಳ ಬೆನ್ನಲ್ಲ."

"ಅದೇ ಅಕ್ಕ, ಅದರ ಮೇಲೇ..."

"ಬಲಭುಜ ಎಲ್ಲೋ? ಎರಡೂ ಸಮ ಇದೆಯಲ್ಲೋ."

ಆಗ ನೆನಪಾಯಿತು. ಅಂಟಿಸುವ ಮುಂಚೆ ಆ ಎದ್ದ ಭುಜ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಯೋಚನೆ ಕೂಡ ಮಾಡದೆ ಕತ್ತರಿ ತೆಗೆದುಕೊಂಡು ಎಡಭುಜಕ್ಕೆ ಸರಿಯಾಗಿ ಕತ್ತರಿಸಿಬಿಟ್ಟಿದ್ದೆ. ಎರಡೂ ಮಗ್ಗುಲಲ್ಲಿ ಜಾಗ ಸಮವಾಯಿತಲ್ಲ ಎಂದು ಖುಷಿಯೂ ಪಟ್ಟಿದ್ದೆ. ಅದನ್ನು ಅಕ್ಕನಿಗೆ ಹೇಳಿದೆ.

"ನಾನು ಬಂದೆ ಆಂಟಿ" ಎಂಬ ದನಿ ಬಾಗಿಲಲ್ಲಿ. ಮಧ್ಯಾಹ್ನಕ್ಕೆ ಬರಬೇಕಾದವಳು ಆಗಲೇ ಬಂದು ನಿಂತಿದ್ದಳು, ಎದೆಗೆ ಕಪ್ಪು ಬಟ್ಟೆಯ ಕವರು ಅವುಚಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದು ಹಾಳೆ ನೋಡಿದಳು, ಹಲಗೆ ನೋಡಿದಳು.

"ಇದು ನನ್ನ ಪೇಪರ್ ಅಲ್ವಾ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಎಲ್ಲವನ್ನೂ ಹೇಳಿದೆ, ಕತ್ತರಿಯ ವಿಷಯವನ್ನೂ.

"ಯಾಕೆ ಕತ್ತರಿಸಿದ್ರಿ ಅಂಕಲ್?"

"ಸರಿ ಕಾಣಲಿಲ್ಲಮ್ಮ ನನಗೆ."

ಅವಳು ಅಳಲಿಲ್ಲ. "ನಮ್ಮಮ್ಮನೂ ಹಂಗೇ" ಎಂದಳು. "ಸ್ಟುಡಿಯೋದವರಿಗೆ ಹೇಳಿ ನನ್ನ ಫೋಟೋದಲ್ಲೆಲ್ಲ ಭುಜ ಸರಿ ಮಾಡಿಸ್ತಾರೆ. ಮನೇಲಿ ಗೋಡೆ ಮೇಲೆಲ್ಲ ಯಾರೋ ಬೇರೆ ಹುಡುಗಿ ಇದ್ದಾಳೆ." ಕವರನ್ನು ಮೇಜಿನ ಮೇಲಿಟ್ಟು, ಟೇಪು ತೂಗುಹಾಕಿದ್ದ ಮೊಳೆಯ ಕಡೆ ನೋಡಿದಳು. "ಅಳೀತೀರಾ ಆಂಟಿ?"

ಕೇಳಿದ್ದು ಮೆಲ್ಲಗೆ. ಕೈಗಳು ಮಾತ್ರ ಆಗಲೇ ಎದೆಯ ಮೇಲೆ ಅಡ್ಡ ಬಂದಿದ್ದವು. ಅಕ್ಕ ಟೇಪಿಗೆ ಕೈ ಹಾಕಲಿಲ್ಲ. ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

"ತಡಿ ತಡಿ" ಎಂದೆ. ನಾನು ಯಾವುದನ್ನೂ ಎಸೆಯುವವನಲ್ಲ. ಕತ್ತರಿಸಿದ ಅಂಚುಗಳನ್ನೆಲ್ಲ ಹಾಕಿಡುವ ತಗಡಿನ ಡಬ್ಬಿಯೊಂದಿದೆ. ಮಹಡಿಗೆ ಓಡಿ, ಅದನ್ನು ತಂದು ಮೇಜಿನ ಮೇಲೆ ಸುರಿದೆ. ಕಂದು ಚೂರುಗಳೇ ಒಂದು ರಾಶಿ. ಎಲ್ಲವೂ ಚಹಾ ಬಣ್ಣದವು, ಎಲ್ಲವೂ ಬಾಗಿದವು. ನಾನು ಒಂದನ್ನು ಎತ್ತಿ ಹಾಳೆಗೆ ಹಿಡಿದೆ, ಕೂರಲಿಲ್ಲ. ಅಕ್ಕ ಇನ್ನೊಂದನ್ನು ಹಿಡಿದಳು, ಅದೂ ಅಲ್ಲ. ಎಸೆದೇಬಿಟ್ಟಿದ್ದೆನೇನೋ, ಗುಡಿಸಿದ ಕಸದಲ್ಲಿ ಹೋಯಿತೇನೋ ಎಂದು ರಾಶಿಯನ್ನು ಮತ್ತೆ ಕೆದಕಿದೆ.

ಹುಡುಗಿ ಬಗ್ಗಿ, ರಾಶಿಯನ್ನು ಒಂದು ಬೆರಳಿನಿಂದ ಹರಡಿದಳು. ಅಂಗೈಯುದ್ದದ, ಮಧ್ಯೆ ಸ್ವಲ್ಪ ಉಬ್ಬಿದ ಒಂದು ಚೂರನ್ನು ಎತ್ತಿಕೊಂಡಳು.

"ಇದು ನಂದು."

ಹಾಳೆಯ ಮೇಲೆ, ಬಲಭುಜದ ಗೆರೆಗೆ ಇಟ್ಟಳು. ಸರಿಯಾಗಿ ಕೂತಿತು. ಎಷ್ಟು ಸಲ ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ ಆ ಗೆರೆ ನೋಡಿದ್ದಳೋ ಪುಣ್ಯಾತ್ಗಿತ್ತಿ.

"ಹಾಗೇ ಹಿಡ್ಕೋ, ಅಲ್ಲಾಡಿಸಬೇಡ" ಎಂದು ಅಕ್ಕ ಪೆನ್ಸಿಲು ತೆಗೆದುಕೊಂಡು ಅದರ ಸುತ್ತ ಗೆರೆ ಎಳೆದಳು. "ಚಹಾ ನೀರಿಗೆ ಸ್ವಲ್ಪ ಕುಗ್ಗಿರುತ್ತೆ, ಹೊಲಿಗೆಗೆ ಜಾಸ್ತಿ ಬಿಡ್ತೀನಿ" ಎಂದು ತನಗೆ ತಾನೇ ಹೇಳಿಕೊಂಡು, ಕಪ್ಪು ಬಟ್ಟೆಯನ್ನು ಮಡಚದೆ ಮೇಜಿನ ತುಂಬ ಹಾಸಿದಳು.

ನಾನು ಹಲಗೆಯನ್ನು ಗೋಡೆಯ ಕಡೆ ತಿರುಗಿಸಿಡಲು ಹೋದೆ. ಅದನ್ನು ನೋಡಲು ನನಗೇ ನಾಚಿಕೆಯಾಗುತ್ತಿತ್ತು. ಹುಡುಗಿ ಅಡ್ಡ ಬಂದು ಆ ಚೂರನ್ನು ನನ್ನ ಕೈಗೆ ಕೊಟ್ಟಳು.

"ಇದನ್ನೂ ಅಂಟಿಸಿ ಅಂಕಲ್."

"ಎಲ್ಲಿ ಅಂಟಿಸ್ಲಮ್ಮ?"

"ಇದ್ದಲ್ಲೇ."